ಏಂಗೆಲ್ಸನ ‘ವಸತಿ ಪ್ರಶ್ನೆ’: ಒಂದು ವಿಮರ್ಶೆ

ಅನ್ನ, ಅರಿವೆ, ಆಸರೆ ಎಂಬ ಮೂರರಲ್ಲಿ ಮೊದಲೆರಡನ್ನು ಸಮನಾಗಿ ಹಂಚುವುದು ಕಷ್ಟವಾದರೂ ಅಸಾಧ್ಯವಲ್ಲ. ಪಂಕ್ತಿಯಲ್ಲಿ ಕುಳಿತ ಮೊದಲನೆಯವನಿಗೆ ಬಡಿಸಿದ ಮುದ್ದೆಯನ್ನೇ ಕೊನೆಯವನಿಗೂ ಬಡಿಸಬಹುದು. ಮನೆಯ ಮಾತು ಹಾಗಲ್ಲ. ಒಂದು ಮನೆಯ ಮುಂದೆ ಬಾವಿ ಇರುತ್ತದೆ, ಇನ್ನೊಂದರ ಹಿಂದೆ ತಿಪ್ಪೆ ಇರುತ್ತದೆ. ಒಂದು ಸಂತೆಯ ಬೀದಿಗೆ ಹತ್ತಿರ, ಮತ್ತೊಂದು ಊರ ಹೊರಗಿನ ಹಳ್ಳದ ದಂಡೆಗೆ. ಅಳತೆಯಲ್ಲಿ ಅವೆರಡೂ ಒಂದೇ ಆಗಿರಬಹುದು, ಆದರೆ ಬಾಳುವೆಯಲ್ಲಿ ಒಂದೇ ಅಲ್ಲ. ಖಾಸಗಿ ಒಡೆತನವೇ ಇಲ್ಲದ ಸಮತಾವಾದಿ ಸಮಾಜವೊಂದು ನಾಳೆಯೇ ಬಂದಿತೆಂದು ಇಟ್ಟುಕೊಂಡರೂ ಯಾವ ಮನೆ ಯಾರಿಗೆ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಈ ಪ್ರಶ್ನೆಯ ಹೊಸ್ತಿಲವರೆಗೂ ಬಂದು ಒಳಗೆ ಕಾಲಿಡದೆ ಹಿಂದಿರುಗಿದ ಪ್ರಸಿದ್ಧ ಕೃತಿಯೊಂದುಂಟು. ಅದು ಫ್ರೆಡರಿಕ್ ಏಂಗೆಲ್ಸನು 1872-73ರಲ್ಲಿ ಲೈಪ್‌ಜಿಗ್ ನಗರದ ಪತ್ರಿಕೆಯೊಂದಕ್ಕೆ ಬರೆದ ಲೇಖನಮಾಲೆ, ‘ವಸತಿ ಪ್ರಶ್ನೆ’. ನಮ್ಮ ಭಾಗದ ಹಳ್ಳಿಗಳ ಸ್ಥಿತಿಯನ್ನು ಮುಂದಿಟ್ಟುಕೊಂಡು ಅದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಕೃತಿಯ ಪೂರ್ವಾರ್ಧ ಬಲವಾದುದು. ಬಾಡಿಗೆಯನ್ನೇ ಕಂತಿನ ಹಣವೆಂದು ಎಣಿಸಿ, ಬಾಡಿಗೆದಾರನನ್ನೇ ಕ್ರಮೇಣ ಮನೆಯೊಡೆಯನನ್ನಾಗಿ ಮಾಡಿಬಿಟ್ಟರೆ ವಸತಿಯ ಸಂಕಟ ತೀರುತ್ತದೆಂದು ಪ್ರೂಧೋನನ ಅನುಯಾಯಿಯಾದ ಮ್ಯೂಲ್‌ಬೆರ್ಗರನು ವಾದಿಸಿದ್ದನು. ಅಂತಹ ಒಡೆತನವು ಕಾರ್ಮಿಕನನ್ನು ಒಂದೇ ಊರಿಗೆ, ಒಬ್ಬನೇ ಯಜಮಾನನಿಗೆ ಕಟ್ಟಿಹಾಕುವ ಸಂಕೋಲೆಯಾಗುವುದೆಂದು ಏಂಗೆಲ್ಸನ ಉತ್ತರ. ಕಾರ್ಖಾನೆಯ ಮಾಲೀಕರೇ ಕೂಲಿಕಾರರಿಗೆ ಮನೆ ಕಟ್ಟಿಸಿಕೊಡಲಿ ಎಂದ ಎಮಿಲ್ ಜಾಕ್ಸನಿಗೆ ಅವನು ಕೊಟ್ಟ ಉತ್ತರ ಇನ್ನೂ ಹರಿತವಾದುದು: ಮುಷ್ಕರ ಹೂಡಿದ ದಿನ ಆ ಕೂಲಿಕಾರನು ಕೆಲಸದೊಡನೆ ಸೂರನ್ನೂ ಕಳೆದುಕೊಳ್ಳುವನು. ತುಂಗಭದ್ರಾ ಅಣೆಕಟ್ಟಿನ ಕ್ವಾರ್ಟರ್ಸುಗಳನ್ನೂ ಸಂಡೂರಿನ ದೋಣಿಮಲೆಯ ಗಣಿಪಟ್ಟಣವನ್ನೂ ಬಲ್ಲ ನಮ್ಮ ವಾಚಕರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ನಿವೃತ್ತಿಯ ಆದೇಶದೊಡನೆ ಮನೆ ಬಿಡುವ ಆದೇಶವೂ ಬರುತ್ತದೆ; ದುಡಿಯುವಷ್ಟು ಕಾಲ ಮನೆಯ ಗಾತ್ರವನ್ನು ಅಳೆಯುವ ಕೋಲು ಕುಟುಂಬದ ತಲೆಗಳಲ್ಲ, ಸಂಬಳದ ಶ್ರೇಣಿ.

ಇಷ್ಟನ್ನು ಖಂಡಿಸಿದವನು ತಾನು ಏನನ್ನು ಮಂಡಿಸಿದನು? ದೊಡ್ಡ ನಗರಗಳಲ್ಲಿ ಈಗಿರುವ ಮನೆಗಳನ್ನು ವಿವೇಕದಿಂದ ಬಳಸಿದರೆ ತಕ್ಷಣದ ನಿಜವಾದ ಕೊರತೆ ನೀಗುವುದೆಂದೂ, ಅದಕ್ಕಾಗಿ ಉಳ್ಳವರ ಮನೆಗಳನ್ನು ವಶಪಡಿಸಿಕೊಂಡು ಇಲ್ಲದವರನ್ನು ಅಲ್ಲಿ ಇರಿಸಬೇಕೆಂದೂ ಹೇಳಿದನು. ಮುಂದಿನ ಸಮಾಜವು ಅನ್ನವನ್ನೂ ಮನೆಯನ್ನೂ ಹೇಗೆ ಹಂಚೀತೆಂದು ಊಹಿಸುತ್ತ ಕೂರುವುದು ಬರಿಯ ಕನಸುಗಾರಿಕೆ ಎಂದು ತಳ್ಳಿಹಾಕಿದನು. ಮಾರ್ಕ್ಸನು 1875ರಲ್ಲಿ ಬರೆದ ಗೋಥಾ ಕಾರ್ಯಕ್ರಮದ ವಿಮರ್ಶೆಯಲ್ಲಿ ಮೊದಲ ಹಂತದಲ್ಲಿ ದುಡಿಮೆಗೆ ತಕ್ಕಂತೆ, ಮೇಲಿನ ಹಂತದಲ್ಲಿ ಅಗತ್ಯಕ್ಕೆ ತಕ್ಕಂತೆ ಎಂಬ ವಿಭಾಗವುಂಟು. ಆದರೆ ಅಗತ್ಯವನ್ನು ಅಳೆಯುವವರು ಯಾರೆಂಬುದಕ್ಕೆ ಅಲ್ಲಿಯೂ ಉತ್ತರವಿಲ್ಲ. ಶಾಸ್ತ್ರಕಾರನು ಬರೆಯದೆ ಬಿಟ್ಟ ಪುಟವನ್ನು ಗುಮಾಸ್ತನು ತುಂಬುತ್ತಾನೆ.

ಹಾಗೆಯೇ ಆಯಿತು. ರಷ್ಯದಲ್ಲಿ 1918ರ ಆಗಸ್ಟಿನ ಆಜ್ಞೆಯು ನಗರಗಳ ಸ್ಥಿರಾಸ್ತಿಯ ಖಾಸಗಿ ಒಡೆತನವನ್ನು ರದ್ದುಪಡಿಸಿತು. ಶ್ರೀಮಂತರ ವಿಶಾಲವಾದ ಮನೆಗಳಲ್ಲಿ ಕೋಣೆಗೊಂದು ಕುಟುಂಬದಂತೆ ದುಡಿಯುವ ಜನ ಸೇರಿದರು. ಅಡುಗೆಮನೆಯೂ ಬಚ್ಚಲೂ ಎಲ್ಲರಿಗೂ ಕೂಡಿ. ತಲೆಯೊಂದಕ್ಕೆ ಸುಮಾರು 9 ಚದರ ಮೀಟರ್ ಎಂಬ ನೈರ್ಮಲ್ಯದ ಮಾನವೊಂದು ಬಳಕೆಗೆ ಬಂದಿತು. ಆದರೆ ನಗರಗಳ ಬಹುಸಂಖ್ಯಾತರಿಗೆ ದಶಕಗಳ ಕಾಲ ಅಷ್ಟೂ ದೊರೆಯಲಿಲ್ಲ. ಇನ್ನೊಂದು ಮುಖವನ್ನೂ ಹೇಳದಿದ್ದರೆ ವಿಮರ್ಶೆಯು ಪಕ್ಷಪಾತವಾದೀತು. 1928ರಲ್ಲಿ ಗೊತ್ತುಮಾಡಿದ ಬಾಡಿಗೆಯ ಮೂಲದರವು ಆರು ದಶಕಗಳವರೆಗೆ ಏರಲಿಲ್ಲ. 1957ರ ನಿರ್ಣಯದ ತರುವಾಯ ಕೋಟಿಗಟ್ಟಲೆ ಜನರು ಮೊದಲ ಬಾರಿಗೆ ತಮ್ಮದೇ ಬಾಗಿಲುಳ್ಳ ಮನೆಗೆ ಹೊಕ್ಕರು. 1977ರ ಸಂವಿಧಾನವು ವಸತಿಯನ್ನು ಹಕ್ಕೆಂದು ಬರೆಯಿತು. ಬಾಡಿಗೆ ಕೊಡಲಾರದೆ ಬೀದಿಗೆ ಬೀಳುವ ಭಯ ಅಲ್ಲಿನ ಸಾಮಾನ್ಯ ಸಂಸಾರಕ್ಕೆ ಇರಲಿಲ್ಲವೆಂಬುದು ಸಣ್ಣ ಮಾತಲ್ಲ.

ಆದರೆ ಹಣವು ಹಿಂದೆ ಸರಿದ ಸ್ಥಳದಲ್ಲಿ ಸರದಿಯ ಸಾಲು ಬಂದು ನಿಂತಿತು, ಸಾಲಿನ ಪಕ್ಕದಲ್ಲೇ ಹಿಂಬಾಗಿಲೂ ತೆರೆಯಿತು. ಹಂಗೇರಿಯ ಸಮಾಜಶಾಸ್ತ್ರಜ್ಞ ಇವಾನ್ ಸೆಲೆನ್ಯಿಯು ತನ್ನ ನಾಡಿನ ನಗರಗಳಲ್ಲಿ ಸಂಶೋಧನೆ ನಡೆಸಿ 1983ರಲ್ಲಿ ಪ್ರಕಟಿಸಿದ ಗ್ರಂಥವು ಇದನ್ನು ನಿಚ್ಚಳವಾಗಿ ತೋರಿಸುತ್ತದೆ. ಸರ್ಕಾರವು ಅಗ್ಗದ ಬಾಡಿಗೆಗೆ ಕೊಟ್ಟ ಒಳ್ಳೆಯ ಮನೆಗಳು ಹೆಚ್ಚಾಗಿ ಅಧಿಕಾರಿಗಳಿಗೂ ವಿದ್ಯಾವಂತರಿಗೂ ಸೇರಿದವು. ಕೂಲಿಕಾರರಲ್ಲಿ ಅನೇಕರು ತಮ್ಮ ಉಳಿತಾಯದಿಂದ, ತಮ್ಮ ಕೈಯಾರೆ ಊರಂಚಿನಲ್ಲಿ ಮನೆ ಕಟ್ಟಿಕೊಳ್ಳಬೇಕಾಯಿತು. ಉಳ್ಳವನಿಗೆ ಸಹಾಯಧನ, ಇಲ್ಲದವನಿಗೆ ಸ್ವಾವಲಂಬನೆ ಎಂಬ ಈ ವಿಪರ್ಯಾಸ ನಡೆದುದು ಬಂಡವಾಳಶಾಹಿಯಲ್ಲಿ ಅಲ್ಲವೆಂಬುದನ್ನು ಗಮನಿಸಬೇಕು. ಸತ್ಯವನ್ನು ಬರೆದವನಿಗೆ ಅಲ್ಲಿ ಇರಲು ಬಿಡಲಿಲ್ಲ. 1975ರಲ್ಲಿ ಅವನು ದೇಶವನ್ನೇ ತೊರೆಯಬೇಕಾಯಿತು.

ಅಷ್ಟು ದೂರ ಹೋಗುವುದೇಕೆ? ನೆರೆಯ ಕೇರಳವನ್ನೇ ನೋಡೋಣ. 1957ರ ಏಪ್ರಿಲಿನಲ್ಲಿ ಅಧಿಕಾರಕ್ಕೆ ಬಂದ ನಂಬೂದಿರಿಪಾಡರ ಮಂತ್ರಿಮಂಡಲವು ಒಂದು ವಾರ ಕಳೆಯುವ ಮೊದಲೇ ಒಕ್ಕಲೆಬ್ಬಿಸುವುದನ್ನು ತಡೆಯುವ ಸುಗ್ರೀವಾಜ್ಞೆ ಹೊರಡಿಸಿತು. 1970ರ ಜನವರಿ 1ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ ಒಡೆಯರ ನೆಲದಲ್ಲಿ ಗುಡಿಸಲು ಹಾಕಿಕೊಂಡಿದ್ದವರು ಗ್ರಾಮಗಳಲ್ಲಿ 10 ಸೆಂಟುಗಳವರೆಗೆ ಆ ನೆಲವನ್ನು ಅಲ್ಪ ಬೆಲೆಗೆ ಪಡೆಯುವಂತಾಯಿತು. ಕಾಸರಗೋಡಿನ ಕನ್ನಡಿಗರಿಗೂ ಅನ್ವಯಿಸಿದ ಕಾನೂನು ಇದೇ. ಅಚ್ಯುತ ಮೆನನ್ನರ ಸರ್ಕಾರದಲ್ಲಿ ಎಂ. ಎನ್. ಗೋವಿಂದನ್ ನಾಯರರು 1972ರಲ್ಲಿ ಆರಂಭಿಸಿದ ಲಕ್ಷ ಮನೆಗಳ ಯೋಜನೆಯಲ್ಲಿ ಪಂಚಾಯತಿಗೆ ನೂರರಂತೆ ಮನೆಗಳನ್ನು ಎಣಿಸಲಾಗಿತ್ತು. ಖರ್ಚು ತಗ್ಗಿಸಲು ಎರಡೆರಡು ಮನೆಗಳಿಗೆ ಒಂದೇ ನಡುಗೋಡೆ. ಮಕ್ಕಳು ಬೆಳೆದು, ಒಂದು ಕಡೆಯವರಿಗೆ ನಾಲ್ಕು ಕಾಸು ಕೂಡಿ, ಮನೆಯನ್ನು ಕೆಡವಿ ಕಟ್ಟಬೇಕೆಂದಾಗ ಇನ್ನೊಂದು ಕಡೆಯವರ ಮನೆಯೂ ಬೀಳುವಂತಾಯಿತು. ಆದರೂ ಈ ಎರಡು ಕ್ರಮಗಳಲ್ಲಿ ಮೊದಲನೆಯದರ ಬೆಲೆಯೇ ಹೆಚ್ಚೆಂದು ನನ್ನ ಅಭಿಪ್ರಾಯ. ಅದು ಮನುಷ್ಯನನ್ನು ಮನೆಯತ್ತ ಸಾಗಿಸಲಿಲ್ಲ. ಅವನು ಬಾಳುತ್ತಿದ್ದ ಸ್ಥಳವನ್ನೇ ಅವನದಾಗಿಸಿತು.

ನಮ್ಮಲ್ಲಿಯೂ ಇದರ ಜೋಡಿಯೊಂದಿದೆ. 1974ರ ತಿದ್ದುಪಡಿಯ ನಂತರದ ಕರ್ನಾಟಕ ಭೂಸುಧಾರಣಾ ಕಾಯಿದೆಯಲ್ಲಿ, ಪರರ ನೆಲದಲ್ಲಿ ಮನೆ ಮಾಡಿಕೊಂಡ ಕೃಷಿಕಾರ್ಮಿಕನಿಗೆ ಆ ಮನೆಯ ನೆಲವನ್ನು ಕೊಡುವ 38ನೆಯ ವಿಧಿ ಅದು. ಉಳುವವನೇ ಹೊಲದೊಡೆಯ ಎಂಬ ಘೋಷಣೆಯ ಅಬ್ಬರದಲ್ಲಿ ಈ ವಿಧಿಯನ್ನು ನೆನೆದವರು ಕಡಿಮೆ. ಕಂದಾಯದ ದಾಖಲೆಯಲ್ಲಿ ಹೆಸರೇ ಇಲ್ಲದ ತಾಂಡಾ, ಹಟ್ಟಿಗಳಿಗೆ ಅದೇ ತತ್ತ್ವವನ್ನು ಒಯ್ಯುವ 38ಎ ವಿಧಿ ಸೇರಲು ನಾಲ್ಕು ದಶಕಗಳೇ ಬೇಕಾದವು.

ಸ್ಥಳದ ಈ ಮಾತನ್ನು ಹಂಪಿಯ ಸೆರಗಿನಲ್ಲಿರುವವರು ಮರೆಯಲಾರರು. 1986ರಲ್ಲಿ ಹಂಪಿಯು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2002ರ ಕಾಯಿದೆಯು ಅದರ ನಿರ್ವಹಣೆಗೆ ಪ್ರಾಧಿಕಾರವೊಂದನ್ನು ಮಾಡಿತು. 2011ರ ಜುಲೈ ತಿಂಗಳಲ್ಲಿ ವಿರೂಪಾಕ್ಷ ದೇವಾಲಯದ ಎದುರಿನ ಬಜಾರಿನ ಸಾಲುಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದ ಮುನ್ನೂರಕ್ಕೂ ಮಿಕ್ಕಿದ ಕುಟುಂಬಗಳನ್ನು ಎಬ್ಬಿಸಿ, ಕಟ್ಟಡಗಳನ್ನು ಕೆಡವಲಾಯಿತು. ಬದಲಿ ನಿವೇಶನಗಳು ಕಡ್ಡಿರಾಂಪುರದ ಬಳಿ. ಸ್ಮಾರಕಗಳ ರಕ್ಷಣೆ ಬೇಡವೆಂದು ಯಾವ ವಿವೇಕಿಯೂ ಹೇಳಲಾರನು. ಆದರೆ ಯಾತ್ರಿಕನಿಗೆ ಕಾಯಿ, ಹೂವು, ಚಹ ಮಾರಿ ಬದುಕುವವಳಿಗೆ ನಾಲ್ಕು ಕಿಲೋಮೀಟರಿನಾಚೆ ಕೊಟ್ಟ ನಿವೇಶನವು ಹಿಂದಿನದಕ್ಕೆ ಸಮವೆಂದು ಹೇಳುವುದು ಅಳತೆಪಟ್ಟಿಗೆ ಮಾತ್ರ ಸಾಧ್ಯ. ತುಂಗಭದ್ರೆಯ ಹಿನ್ನೀರು ನಾರಾಯಣದೇವರಕೆರೆಯನ್ನು ಮುಳುಗಿಸಿದಾಗ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದ ಹಿರಿಯರೂ ಇದನ್ನೇ ಹೇಳುತ್ತಿದ್ದರು: ಮನೆ ಸಿಕ್ಕಿತು, ಊರು ಸಿಕ್ಕಲಿಲ್ಲ.

ಏಂಗೆಲ್ಸನು ಕಾಣದ ಇನ್ನೊಂದು ಸಂಗತಿ ನಮ್ಮ ನಾಡಿನದೇ. ಯಾರ ಮನೆ ಎಲ್ಲಿರಬೇಕೆಂಬುದನ್ನು ನಮ್ಮ ಹಳ್ಳಿಗಳು ಶತಮಾನಗಳ ಹಿಂದೆಯೇ ತೀರ್ಮಾನಿಸಿಬಿಟ್ಟಿವೆ. ಆ ತೀರ್ಮಾನದ ಹೆಸರು ಕೇರಿ. ಅಲ್ಲಿ ಬಾಡಿಗೆಯೂ ಇಲ್ಲ, ಬಂಡವಾಳಗಾರನೂ ಇಲ್ಲ. ಆದರೂ ಹಂಚಿಕೆಯು ಅತ್ಯಂತ ಕ್ರೂರವಾದುದು. ಹನ್ನೆರಡನೆಯ ಶತಮಾನದ ಶರಣರು ಕೇರಿಯ ಗೆರೆಯನ್ನು ದಾಟಿದುದೇ ಕಲ್ಯಾಣದಲ್ಲಿ ಅಪರಾಧವಾಯಿತೆಂಬುದು ಸರ್ವವಿದಿತ. ವಿಷಾದದ ಸಂಗತಿಯೆಂದರೆ, ಸ್ವತಂತ್ರ ಭಾರತದ ಜನತಾ ಕಾಲೋನಿಗಳೂ ಆಶ್ರಯ ಬಡಾವಣೆಗಳೂ ಬಹಳ ಕಡೆ ಊರ ಹೊರಗೇ ಎದ್ದವು. ಸರ್ಕಾರಿ ಜಮೀನು ಅಲ್ಲೇ ದೊರೆಯಿತೆಂಬುದು ಕಾರಣವಿರಬಹುದು; ಪರಿಣಾಮ ಮಾತ್ರ ಹಳೆಯ ಕೇರಿಗೆ ಹೊಸ ಹಂಚು ಹೊದಿಸಿದಂತಾಯಿತು. ಊರ ನಡುವಿನ ಒಳ್ಳೆಯ ಜಾಗಗಳಲ್ಲಿ ನಮ್ಮ ಮಠಗಳೂ ಇವೆಯೆಂಬುದನ್ನು ಭಕ್ತರು ಹೇಳದಿದ್ದರೂ ನಾವು ಬಲ್ಲೆವು.

ಈಗ ಮಲಪನಗುಡಿಯಂತಹ ಊರನ್ನು ತೆಗೆದುಕೊಳ್ಳಿ. ಹೊಸಪೇಟೆಗೂ ಹಂಪಿಯ ಅವಶೇಷಗಳಿಗೂ ನಡುವೆ, ವಿಜಯನಗರದ ಕಾಲದ ಮೆಟ್ಟಿಲುಬಾವಿಯನ್ನು ಇನ್ನೂ ಉಳಿಸಿಕೊಂಡಿರುವ ಹಳ್ಳಿ ಅದು. ಪ್ರಾಧಿಕಾರದ ಯೋಜನಾ ಪ್ರದೇಶಕ್ಕೂ ಸೇರಿದುದು. ಇಂತಹ ಕಡೆ ಕಟ್ಟುವ ನೆಲವೇ ಮಿತವಾದುದು. ಬಸವಣ್ಣನವರ ಹೆಸರಿನ ವಸತಿ ಯೋಜನೆಯಾಗಲಿ, ಕೇಂದ್ರದ ಯೋಜನೆಯಾಗಲಿ, ಪಾಯ, ಲಿಂಟಲ್, ಛಾವಣಿ ಎಂದು ಹಂತಹಂತವಾಗಿ ಹಣ ಕೊಡುತ್ತದೆ; ಪಾಯ ತೋಡಲು ನೆಲವಿಲ್ಲದವಳಿಗೆ ಆ ಹಣ ತಲುಪುವ ದಾರಿಯಿಲ್ಲ. ಮನೆಯಿಲ್ಲದವರಲ್ಲಿ ಕಡುಬಡವರೇ ಹೀಗೆ ಹಿಂದೆ ಬೀಳುತ್ತಾರೆ.

ಫಲಾನುಭವಿಗಳನ್ನು ಗ್ರಾಮಸಭೆ ಆರಿಸಬೇಕೆಂಬುದು ನಿಯಮ. ಕ್ರಾಂತಿಯಿಲ್ಲದೆಯೇ ದೊರೆತ ಈ ನಿಯಮವು ಏಂಗೆಲ್ಸನು ಬಿಟ್ಟ ಪುಟಕ್ಕೆ ಉತ್ತರವಾಗಬಲ್ಲದು; ಒಬ್ಬರ ಅಗತ್ಯವನ್ನು ನೆರೆಯವರಿಗಿಂತ ಚೆನ್ನಾಗಿ ಬಲ್ಲ ಅಧಿಕಾರಿ ಎಲ್ಲಿಯೂ ಇಲ್ಲ. ಆದರೆ ಪಟ್ಟಿಯು ಸಭೆಗೆ ಬರುವ ಮೊದಲೇ ಸಿದ್ಧವಾಗಿದ್ದು, ಸಭೆಯು ಕೇವಲ ಸಹಿಯ ಪುಸ್ತಕವಾದರೆ ಬುಡಾಪೆಸ್ಟಿಗೂ ಬಳ್ಳಾರಿ ಸೀಮೆಗೂ ವ್ಯತ್ಯಾಸವೇನು?

ಪ್ರಸಾದನಿಲಯಗಳಲ್ಲಿ ಬೆಳೆದ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಇದಕ್ಕೊಂದು ಉಪಾಯ ಗೊತ್ತಿರಬೇಕು. ನಿಲಯಕ್ಕೆ ಯಾರನ್ನು ಸೇರಿಸಿಕೊಳ್ಳಬೇಕೆಂಬುದು ಬಡತನವನ್ನು ನೋಡಿ. ಕಿಟಕಿಯ ಪಕ್ಕದ ಜಾಗ ಯಾರಿಗೆಂಬುದಕ್ಕೆ ಚೀಟಿ ಎತ್ತುವುದು. ಯಾರಿಗೆ ಎಂಬುದು ಅಗತ್ಯದಿಂದ, ಎಲ್ಲಿ ಎಂಬುದು ಚೀಟಿಯಿಂದ ತೀರ್ಮಾನವಾಗುವಾಗ ವಾರ್ಡನ್ನನ ಸಂಬಂಧಿಗೂ ಅಗಸರ ಹುಡುಗನಿಗೂ ಒಂದೇ ಗಾಳಿ ಸಿಕ್ಕುವ ಸಂಭವವಿರುತ್ತದೆ. ಹೊಸ ಬಡಾವಣೆಯ ನಿವೇಶನಗಳನ್ನು ಜಾತಿಯ ಗುಂಪುಗಳಾಗಿ ವಿಂಗಡಿಸದೆ ಎಲ್ಲರ ಎದುರು ಹೀಗೆ ಚೀಟಿ ಎತ್ತಿ ಕೊಡುವುದಾದರೆ ಕೇರಿಯು ಅಲ್ಲಿಗೆ ಹಿಂಬಾಲಿಸಿ ಬರುವುದಕ್ಕೆ ಎಡೆಯಿರುವುದಿಲ್ಲ. ಅದಕ್ಕೆ ಮೊದಲು, ಮನೆಯಿಲ್ಲದವರ ಪಟ್ಟಿಯನ್ನು ಸಭೆಯಲ್ಲಿ ಹೆಸರು ಹೆಸರಾಗಿ ಗಟ್ಟಿಯಾಗಿ ಓದಿಸಬೇಕು. ಓದುವಾಗ ಮಠದ ಭಕ್ತರು, ಅದರಲ್ಲಿಯೂ ಸ್ವಂತ ಮನೆಯುಳ್ಳವರು, ಅಲ್ಲಿ ಕುಳಿತಿರಬೇಕು. ಮನೆಯುಳ್ಳವನ ಹೆಸರು ಬಂದಾಗ ಆಕ್ಷೇಪಿಸಲು ಮನೆಯಿಲ್ಲದವಳಿಗೆ ಧೈರ್ಯ ಸಾಲದು. ನಾಳೆ ಅವನ ಹೊಲಕ್ಕೇ ಅವಳು ಕೂಲಿಗೆ ಹೋಗಬೇಕಾಗಿರುತ್ತದೆ.