ಹತ್ತು ಮೀಟರಿನ ಲೆಕ್ಕ

2018ರ ಸೆಪ್ಟೆಂಬರ್ 4ರಂದು ಜೆಬಿ ಟೈಫೂನು ಜಪಾನಿನ ಒಸಾಕಾ ಪ್ರದೇಶವನ್ನು ಹಾದುಹೋಯಿತು. ಕೊಲ್ಲಿಯ ನೀರಿನ ನಡುವೆ ಮಣ್ಣು ತುಂಬಿ ಮಾಡಿದ ದ್ವೀಪದಲ್ಲಿ ಕಾನ್ಸಾಯ್ ವಿಮಾನ ನಿಲ್ದಾಣವಿದೆ. ಅಲ್ಲಿ ಗಾಳಿಯ ಗರಿಷ್ಠ ಸರಾಸರಿ ಸೆಕೆಂಡಿಗೆ 46.5 ಮೀಟರ್, ಒಸಾಕಾ ನಗರದಲ್ಲಿ ಬರೀ 27.3. ಇಷ್ಟೇ ಓದಿದವರಿಗೆ ನಗರ ಬಚಾವಾಯಿತು ಅನ್ನಿಸುತ್ತದೆ. ಆದರೆ ಕ್ಷಣಮಾತ್ರದ ಹೊಡೆತದ ಅಂಕಿ ನೋಡಿ: ನಿಲ್ದಾಣದಲ್ಲಿ 58.1, ನಗರದಲ್ಲಿ 47.4. ಎರಡೂ ಜಾಗಗಳು ಟೈಫೂನಿನ ದಾರಿಯಿಂದ ಒಂದೇ ದೂರದಲ್ಲಿರಲಿಲ್ಲ, ನಿಜ. ಆದರೂ ಮನೆ, ಮರ, ಕಟ್ಟಡಗಳಿಗೆ ತಾಗಿ ಗಾಳಿಯ ಸರಾಸರಿ ಎಷ್ಟು ಇಳಿಯಿತೋ ಅದರ ಏಟು ಅಷ್ಟು ಇಳಿಯಲಿಲ್ಲ.

ಟೈಫೂನಿನ ಬಲವನ್ನು ಒಂದೇ ಅಂಕಿಯಲ್ಲಿ ಹೇಳಿ ಮುಗಿಸುವ ರೂಢಿಯ ಮೇಲೆ ನನ್ನ ತಕರಾರು ಇದೇ. ಆ ಅಂಕಿ 10 ಮೀಟರ್ ಎತ್ತರದ್ದು, ಅಂದರೆ ಮೂರಂತಸ್ತಿನ ಮನೆಯ ತಾರಸಿಯಷ್ಟು. ಜಪಾನಿನದು ಹತ್ತು ನಿಮಿಷದ ಸರಾಸರಿ, ಅಮೆರಿಕದ್ದು ಒಂದೇ ನಿಮಿಷದ್ದು. ಮೂವತ್ತನೆಯ ಮಹಡಿಯ ಕಿಟಕಿಗೆ ಬಡಿಯುವ ಗಾಳಿ ಇದರಲ್ಲಿ ಎಲ್ಲಿದೆ?

ಸಮುದ್ರದ ಮಟ್ಟಿಗೆ ಇದಕ್ಕೆ ಗಟ್ಟಿ ಉತ್ತರ ಕೊಟ್ಟದ್ದು ಪೊವೆಲ್, ವಿಕರಿ ಮತ್ತು ರೈನ್‌ಹೋಲ್ಡ್ ಎಂಬ ವಿಜ್ಞಾನಿಗಳು 2003ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದ ಲೇಖನ. ಅಳತೆಯ ಉಪಕರಣವಿರುವ ಒಂದು ಕೊಳವೆಯನ್ನು ವಿಮಾನದಿಂದ ಚಂಡಮಾರುತದೊಳಕ್ಕೆ ಬಿಡುತ್ತಾರೆ. ಪುಟ್ಟ ಪ್ಯಾರಾಶೂಟಿಗೆ ಜೋತುಬಿದ್ದು, ಗಾಳಿ ಎಳೆದತ್ತ ವಾಲುತ್ತ, ಅರ್ಧ ಸೆಕೆಂಡಿಗೊಮ್ಮೆ ತಾನಿರುವ ಜಾಗವನ್ನು ತಿಳಿಸುತ್ತ ಅದು ಕಡಲಿಗೆ ಬಿದ್ದು ಮುಳುಗುತ್ತದೆ. ಇಂಥ 331 ಇಳಿತಗಳ ಅಳತೆಗಳನ್ನು ಒಟ್ಟು ಮಾಡಿದಾಗ ಕಂಡದ್ದು: ನೀರಿನಿಂದ ಸುಮಾರು 200 ಮೀಟರಿನವರೆಗೆ ಗಾಳಿ ಒಂದು ಕ್ರಮದಲ್ಲಿ ಏರುತ್ತದೆ, 500 ಮೀಟರಿನ ಆಸುಪಾಸು ತುದಿ ಮುಟ್ಟುತ್ತದೆ, ಅಲ್ಲಿಂದ ಮೇಲೆ ಇಳಿಯುತ್ತದೆ. ಟೈಫೂನಿನ ನಡುಭಾಗ ಬೆಚ್ಚಗಿರುವುದರಿಂದ ಎತ್ತರಕ್ಕೆ ಹೋದಂತೆ ಒತ್ತಡದ ಸೆಳೆತ ಸಡಿಲವಾಗುತ್ತದೆ. ಕೆಳಗೆ ಅಲೆಗಳ ತಡೆ ಗಾಳಿಯನ್ನು ಹಿಡಿಯುತ್ತದೆ. ಆ ತಡೆಯೂ ಗಾಳಿ ಸೆಕೆಂಡಿಗೆ 33 ಮೀಟರ್ ದಾಟಿದ ಮೇಲೆ ಹೆಚ್ಚುವುದಿಲ್ಲ ಎಂದು ತೋರಿಸಿದ್ದು ಈ ಲೇಖನದ ದೊಡ್ಡ ಕೊಡುಗೆ. ನೊರೆಯಿಂದ ಮುಚ್ಚಿದ ಕಡಲ ಮೇಲೆ ಗಾಳಿ ಜಾರುತ್ತದೆ ಎಂಬ ವಿವರಣೆ ನನಗೆ ಇವತ್ತಿಗೂ ರೋಮಾಂಚನ ಕೊಡುತ್ತದೆ.

ಈ ವಿಧಾನಕ್ಕೆ ಕೊರತೆಯೂ ಇದೆ. ಒಂದೊಂದು ಇಳಿತವೂ ಒಂದು ಕ್ಷಣದ ಚಿತ್ರ, ಅದರಲ್ಲಿ ಹತ್ತು ನಿಮಿಷದ ಸರಾಸರಿ ಸಿಗದು. ಎಲ್ಲಕ್ಕಿಂತ ಮುಖ್ಯವಾಗಿ, ಇದೆಲ್ಲ ಕಡಲಿನ ಮಾತು. ಜನರಿರುವುದು ನೆಲದ ಮೇಲೆ.

ನೆಲಕ್ಕೆ ಜಪಾನಿನ ಕಟ್ಟಡ ನಿಯಮದಲ್ಲಿ, ಎತ್ತರಕ್ಕೆ ತಕ್ಕಂತೆ ಗಾಳಿ ಏರುವುದನ್ನು ಲೆಕ್ಕಹಾಕುವ ಒಂದು ಘಾತಸೂತ್ರವಿದೆ. ಕಡಲಿನಂಥ ಬಯಲಲ್ಲಿ 10ರಿಂದ 100 ಮೀಟರಿಗೆ ಏರಿದರೆ ಗಾಳಿ ಕಾಲುಪಾಲು ಹೆಚ್ಚುತ್ತದೆ; ಒತ್ತೊತ್ತಾದ ನಗರದಲ್ಲಿ 1.86 ಪಟ್ಟಾಗುತ್ತದೆ. ಬೀದಿಯಲ್ಲಿ ನಿಂತವರಿಗೆ ಗಾಳಿ ತಗ್ಗಿದಂತೆ ಕಂಡರೂ ಮೇಲಿನ ಮಹಡಿಗಳಿಗೆ ಆ ಸಮಾಧಾನವಿಲ್ಲ ಎಂಬುದನ್ನು ಈ ಸೂತ್ರ ಸರಿಯಾಗಿಯೇ ಹೇಳುತ್ತದೆ. ಬಯಲಿನಲ್ಲಿ 250 ಮೀಟರ್, ದಟ್ಟ ನಗರದಲ್ಲಿ 550 ಮೀಟರ್ ದಾಟಿದ ಮೇಲೆ ಗಾಳಿ ಒಂದೇ ಸಮ ಎಂದು ಅದು ಎಣಿಸುತ್ತದೆ. ಕಡಲ ಮೇಲೆ ಕೊಳವೆಗಳು ಕಂಡ 500 ಮೀಟರಿನ ತುದಿಗೆ ಇಲ್ಲಿ ಜಾಗವಿಲ್ಲ. ಸಾಧಾರಣ ಎತ್ತರದ ಕಟ್ಟಡಗಳಿಗೆ ಸೂತ್ರ ಸಾಕು. ಮುನ್ನೂರು ಮೀಟರ್ ದಾಟಿ ನಿಲ್ಲುವ ಕರಾವಳಿಯ ಗೋಪುರಗಳಿಗೆ ಸಾಲದು ಎಂಬುದು ನನ್ನ ತೀರ್ಮಾನ.

ಟೈಫೂನಿನ ಸುದ್ದಿ ಬರೆಯುವವರಲ್ಲಿ ಒಂದು ಕೋರಿಕೆ: ಗಾಳಿಯ ವೇಗದ ಜೊತೆಗೆ ಅದನ್ನು ಎಷ್ಟು ಎತ್ತರದಲ್ಲಿ, ನೀರಿನ ಮೇಲೋ ನೆಲದ ಮೇಲೋ, ಎಷ್ಟು ನಿಮಿಷದ ಸರಾಸರಿಯಾಗಿ ಅಳೆದದ್ದು ಎಂದೂ ಬರೆಯಿರಿ.