ಕೂಸಿರುವ ಮನೆಯ ಅಂಗಸಾಧನೆ

ಎಳೆಯ ಮಕ್ಕಳಿರುವ ಮನೆಯಲ್ಲಿ ಉಪಕರಣಗಳ ಹಂಗಿಲ್ಲದೆ ದೇಹವನ್ನು ಗಟ್ಟಿಯಾಗಿಟ್ಟುಕೊಳ್ಳಬೇಕೆನ್ನುವವರಿಗೆ ಕನ್ನಡನಾಡಿನಲ್ಲಿ ಹಿಂದಿನಿಂದಲೂ ಸಿದ್ಧವಾಗಿರುವ ಸಾಧನೆಗಳೆಂದರೆ ಸೂರ್ಯನಮಸ್ಕಾರ, ದಂಡ ಮತ್ತು ಬಸ್ಕಿ. ಉಸಿರಾಟಕ್ಕೆ ಹೊಂದಿಸಿ ಬಾಗುವ, ಚಾಚುವ, ಮೈಯನ್ನು ನೆಲಕ್ಕಿಳಿಸಿ ಎತ್ತುವ ಹತ್ತು ಅಥವಾ ಹನ್ನೆರಡು ಸ್ಥಿತಿಗಳ ಸರಣಿಯೇ ಸೂರ್ಯನಮಸ್ಕಾರ. ಅಂಗೈ ಮತ್ತು ಕಾಲ್ಬೆರಳುಗಳ ಮೇಲೆ ಮೈಭಾರ ಹೊತ್ತು ಎದೆಯನ್ನು ನೆಲದ ಸಮೀಪಕ್ಕೆ ತಂದು ಮೇಲೇಳುವುದು ದಂಡ. ನಿಂತಲ್ಲಿಂದ ಮಂಡಿ ಮಡಿಸಿ ಕುಳಿತು ಏಳುವುದು ಬಸ್ಕಿ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಸಣ್ಣ ಮನೆಗಳಲ್ಲಿ ಇಂದು ವ್ಯಾಯಾಮ ಮಾಡಬೇಕೆಂದು ಹೊರಡುವವರು ಮೊದಲು ನೆಚ್ಚಿಕೊಳ್ಳುವುದೂ ಇವುಗಳನ್ನೇ. ಕೂಸಿನ ದಿನಚರಿಯ ನಡುವೆ ಈ ಸಾಧನೆಗಳು ನಿಲ್ಲಬಲ್ಲವೇ, ಇವುಗಳಲ್ಲಿ ದೇಹಕ್ಕೆ ಬೇಕಾದುದೆಲ್ಲ ಇದೆಯೇ, ಮನೆಯ ಯಾವ ಸದಸ್ಯರಿಗೆ ಇವು ನಿಜವಾಗಿ ಎಟುಕುತ್ತವೆ ಎಂಬ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡು ಈ ರೂಢಿಯನ್ನು ಪರಿಶೀಲಿಸುವುದು ಅಗತ್ಯವಾಗಿದೆ.

ದಂಡ ಮತ್ತು ಬಸ್ಕಿಗಳು ಬೆಳೆದದ್ದು ಗರಡಿ ಮನೆಯಲ್ಲಿ. ಹಳೆಯ ಮೈಸೂರು ಸೀಮೆಯ ಗರಡಿಗಳಲ್ಲಿ ಆಂಜನೇಯನಿಗೆ ಕೈಮುಗಿದು, ಕೆಮ್ಮಣ್ಣಿನ ಮಟ್ಟಿಗೆ ಇಳಿಯುವ ಮುನ್ನ ಮತ್ತು ನಂತರ ಪೈಲ್ವಾನರು ಮಾಡುತ್ತಿದ್ದ ಸಾಮಿನಲ್ಲಿ ಇವುಗಳನ್ನು ನೂರರ ಲೆಕ್ಕದಲ್ಲಿ ಎಣಿಸುವುದು ವಾಡಿಕೆಯಾಗಿತ್ತು, ಮತ್ತು ಆ ಎಣಿಕೆಗೆ ಬೇಕಾದ ಅಡೆತಡೆಯಿಲ್ಲದ ಮುಂಜಾವು, ಸಾಧನೆಯ ಬಳಿಕದ ವಿಶ್ರಾಂತಿ, ಹಾಲು ಬಾದಾಮಿಯ ಆರೈಕೆ ಎಲ್ಲವೂ ಆ ಸಂಪ್ರದಾಯದ ಭಾಗಗಳೇ ಆಗಿದ್ದವು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಈ ಬಗೆಯ ಸಾಧನೆಯನ್ನು ಗರಡಿಯಿಂದ ಮನೆಗೆ ತರುವ ಗಂಭೀರ ಪ್ರಯತ್ನಗಳು ನಡೆದವು. ಇಂದಿನ ಮಹಾರಾಷ್ಟ್ರದಲ್ಲಿದ್ದ ಔಂಧ್ ಸಂಸ್ಥಾನದ ಅರಸ ಭವಾನರಾವ್ ಪಂತ್ ಪ್ರತಿನಿಧಿ ಸೂರ್ಯನಮಸ್ಕಾರವನ್ನು ಗಂಡಸರು, ಹೆಂಗಸರು, ಮಕ್ಕಳೆಲ್ಲರೂ ಮಾಡಬಹುದಾದ ನಿತ್ಯದ ವ್ಯಾಯಾಮವೆಂದು ಪ್ರಚಾರ ಮಾಡಿದರು, ಮತ್ತು ಅವರ ಪದ್ಧತಿ 1938ರಲ್ಲಿ ಇಂಗ್ಲಿಷ್ ಪುಸ್ತಕವಾಗಿ ಹೊರದೇಶದ ಓದುಗರನ್ನೂ ತಲುಪಿತು. ಬೆಂಗಳೂರಿನಲ್ಲಿ ಇದೇ ಕೆಲಸವನ್ನು ಮಾಡಿದವರು ಕನ್ನಡಿಗರು ‘ಶಾಂತಲಾ’ ಮತ್ತು ‘ರೂಪದರ್ಶಿ’ ಕಾದಂಬರಿಗಳಿಂದ ನೆನೆಯುವ ಕೆ.ವಿ. ಅಯ್ಯರ್. 1930ರಲ್ಲಿ ‘ಮಸಲ್ ಕಲ್ಟ್’, 1937ರಲ್ಲಿ ‘ಸೂರ್ಯ ನಮಸ್ಕಾರ್’ ಎಂಬ ಇಂಗ್ಲಿಷ್ ಪುಸ್ತಕಗಳನ್ನು ಪ್ರಕಟಿಸಿದ ಅವರು ವ್ಯಾಯಾಮಶಾಲೆಯನ್ನು ನಡೆಸಿದ್ದಲ್ಲದೆ, ಅಂಚೆಯ ಮೂಲಕ ಪಾಠ ಕಳಿಸಿ ದೂರದ ಊರಿನವರಿಗೂ ಮನೆಯಲ್ಲೇ ಅಂಗಸಾಧನೆ ಕಲಿಸಿದರು.

ಅಯ್ಯರ್ ಅವರ ಅಂಚೆ ಪಾಠದ ಮಹತ್ವವೆಂದರೆ, ವ್ಯಾಯಾಮವು ಕಟ್ಟಡಕ್ಕೂ ಉಸ್ತಾದನ ಸಮ್ಮುಖಕ್ಕೂ ಅಂಟಿಕೊಂಡೇ ಇರಬೇಕಾಗಿಲ್ಲ, ಬರಹ ಮತ್ತು ಚಿತ್ರದ ಮೂಲಕ ಅದು ಒಂದು ಕೋಣೆಯೊಳಕ್ಕೆ ಬರಬಹುದು ಎಂಬುದನ್ನು ಅದು ತೋರಿಸಿಕೊಟ್ಟದ್ದು. ಇಂದು ಮೊಬೈಲಿನಲ್ಲಿ ನೋಡಿ ಕಲಿಯುವ ಪ್ರತಿಯೊಂದು ಮನೆಯ ವ್ಯಾಯಾಮವೂ ಆ ದಾರಿಯಲ್ಲೇ ನಡೆದಿದೆ. ಆದರೆ ಔಂಧದ ಅರಸರ ಪದ್ಧತಿಯಾಗಲಿ, ಅಯ್ಯರ್ ಅವರದಾಗಲಿ, ಕೈಯಲ್ಲಿ ಕೂಸಿಲ್ಲದ ಕಾಲಾವಧಿಯೊಂದನ್ನು ಇದ್ದೇ ಇರುತ್ತದೆಂದು ಎಣಿಸಿ ರೂಪುಗೊಂಡದ್ದು. ಜಾಗ ಮತ್ತು ಸಲಕರಣೆಗಳ ಅಭಾವಕ್ಕೆ ಅವು ಉತ್ತರ ಕೊಟ್ಟಷ್ಟು ಸಮಯದ ಅಭಾವಕ್ಕೆ ಕೊಡಲಿಲ್ಲ, ಮತ್ತು ಈ ರೂಢಿಯ ಗುಣದೋಷಗಳೆರಡೂ ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಬದುಕಿನಲ್ಲಿ ಆ ಸಮಯ ಹೇಗೆ ಹಂಚಿಹೋಗಿದೆ ಎಂಬುದನ್ನು ಗಮನಿಸಬೇಕು. ದೊಡ್ಡಬಳ್ಳಾಪುರದ ನೇಕಾರರ ಎಷ್ಟೋ ಮನೆಗಳಲ್ಲಿ ವಿದ್ಯುತ್ ಮಗ್ಗಗಳು ಮನೆಗೆ ಹೊಂದಿಕೊಂಡೇ ಇರುವುದರಿಂದ ಕೆಲಸ ಮತ್ತು ಸಂಸಾರಗಳ ನಡುವೆ ಗೋಡೆಯೂ ಇಲ್ಲ, ಗಂಟೆಯೂ ಇಲ್ಲ. ಅದೇ ಊರಿನ ಅಪರೆಲ್ ಪಾರ್ಕಿನ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳಿಗೆ ಹೊತ್ತು ಹುಟ್ಟುವ ಮೊದಲೇ ಅಡುಗೆ, ಬಳಿಕ ಹೊಲಿಗೆ ಯಂತ್ರದ ಮುಂದೆ ಬೆನ್ನು ಬಾಗಿಸಿ ಕೂರುವ ಇಡೀ ದಿನ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ, ಹೊಸಕೋಟೆ ಮತ್ತು ದಾಬಸ್‌ಪೇಟೆಯ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ವಾರಕ್ಕೊಮ್ಮೆ ಬದಲಾಗುವ ಪಾಳಿ. ಇಂತಹ ಮನೆಗಳಲ್ಲಿ ಒಂದು ವರ್ಷದ ಮಗುವಿದ್ದರೆ ಅರ್ಧ ಗಂಟೆಯ ನಿರಾತಂಕ ಸಮಯ ದೊರೆಯುವುದು ಅಪರೂಪ. ದೊರೆಯುವುದು ಹಾಲು ಕಾಯುವಷ್ಟು, ಮಗು ಒಂದು ಸೌಟನ್ನು ಹಿಡಿದು ಆಡುವಷ್ಟು ಹೊತ್ತಿನ ಬಿಡುವುಗಳು ಮಾತ್ರ.

ಈ ಚೂರು ಬಿಡುವುಗಳಿಗೆ ಒಗ್ಗಿಕೊಳ್ಳುವುದೇ ಈ ಸಾಧನೆಗಳ ಮೊದಲ ಹಾಗೂ ದೊಡ್ಡ ಗುಣ. ವಿಶ್ವ ಆರೋಗ್ಯ ಸಂಸ್ಥೆಯ 2010ರ ಶಿಫಾರಸುಗಳಲ್ಲಿ ದೈಹಿಕ ಚಟುವಟಿಕೆ ಕನಿಷ್ಠ 10 ನಿಮಿಷ ಸತತವಾಗಿ ನಡೆಯಬೇಕೆಂದಿತ್ತು; 2020ರ ಮಾರ್ಗಸೂಚಿ ಆ ಷರತ್ತನ್ನು ಕೈಬಿಟ್ಟು, ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ ಅಥವಾ 75ರಿಂದ 150 ನಿಮಿಷಗಳ ತೀವ್ರ ಶ್ರಮ, ಜೊತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ ಬೇಕೆಂದು ಹೇಳಿ, ಎಷ್ಟೇ ಚಿಕ್ಕ ಅವಧಿಯ ಚಟುವಟಿಕೆಯೂ ಲೆಕ್ಕಕ್ಕೆ ಬರುತ್ತದೆಂದು ಒಪ್ಪಿಕೊಂಡಿತು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವ್ಯಾಯಾಮದ ರೂಢಿಯಿಲ್ಲದ ಯುವಜನರು 60 ಮೆಟ್ಟಿಲುಗಳನ್ನು ದಿನಕ್ಕೆ ಮೂರು ಬಾರಿ, ನಡುನಡುವೆ ಕೆಲವು ಗಂಟೆಗಳ ಅಂತರ ಬಿಟ್ಟು, ವಾರಕ್ಕೆ ಮೂರು ದಿನ ಬಿರುಸಾಗಿ ಹತ್ತಿದಾಗ ಆರು ವಾರಗಳಲ್ಲಿ ಅವರ ಹೃದಯ ಮತ್ತು ಶ್ವಾಸಕೋಶಗಳ ಸಾಮರ್ಥ್ಯ ಸ್ವಲ್ಪವಾದರೂ ಸ್ಪಷ್ಟವಾಗಿ ಹೆಚ್ಚಿತು. ತಾರಸಿಗೆ ಹೋಗುವ ಮೆಟ್ಟಿಲಿರುವ ಯಾವ ಮನೆಗೂ ಇದು ಅನ್ವಯಿಸಬಹುದಾದ ಮಾತು. ಬೆಳಗ್ಗೆ ಹತ್ತು ಬಸ್ಕಿ, ಮಧ್ಯಾಹ್ನ ಐದು ದಂಡ, ಸಂಜೆ ನಾಲ್ಕು ನಮಸ್ಕಾರ ಮಾಡಿದವರು ಒಂದೇ ಪಟ್ಟಿಗೆ ಎಲ್ಲವನ್ನೂ ಮುಗಿಸಿದವರಿಗಿಂತ ಕೀಳಾದುದೇನನ್ನೂ ಮಾಡಿರುವುದಿಲ್ಲ. ಗರಡಿಯಿಂದ ಬಂದ ಭಾರಿ ಎಣಿಕೆಯ ಆದರ್ಶವನ್ನು ಮಾತ್ರ ಈ ಮನೆಗಳು ಬಿಟ್ಟುಕೊಡಬೇಕು, ಏಕೆಂದರೆ 108 ಮುಟ್ಟಲಾಗಲಿಲ್ಲವೆಂಬ ಕಾರಣಕ್ಕೆ ಎಂಟನ್ನೂ ಮಾಡದೆ ಬಿಡುವವರುಂಟು.

ಎರಡನೆಯ ಪ್ರಶ್ನೆ ಈ ಸಾಧನೆಗಳ ಪೂರ್ಣತೆಯದು, ಮತ್ತು ಇಲ್ಲಿ ರೂಢಿಯ ಕೊರತೆ ಎದ್ದು ಕಾಣುತ್ತದೆ. ದೇಹದ ಮೂಲ ಚಲನೆಗಳನ್ನು ನೂಕುವುದು, ಎಳೆಯುವುದು, ಕುಳಿತು ಏಳುವುದು, ಸೊಂಟದಿಂದ ಬಾಗಿ ಎತ್ತುವುದು, ಹೊತ್ತು ನಡೆಯುವುದು ಎಂದು ವಿಂಗಡಿಸಿದರೆ, ದಂಡದಲ್ಲಿ ನೂಕುವುದು, ಬಸ್ಕಿಯಲ್ಲಿ ಕುಳಿತು ಏಳುವುದು, ಸೂರ್ಯನಮಸ್ಕಾರದಲ್ಲಿ ಬಾಗುವುದು ಮತ್ತು ನೂಕುವುದು ಧಾರಾಳವಾಗಿವೆ; ಎಳೆಯುವ ಚಲನೆ ಮೂರರಲ್ಲೂ ಇಲ್ಲವೆಂದೇ ಹೇಳಬೇಕು. ಹಾಲೂಡಿಸುವಾಗ, ಮಗುವನ್ನು ಎತ್ತಿಕೊಳ್ಳುವಾಗ, ಹೊಲಿಗೆ ಯಂತ್ರದ ಮುಂದೆ ಕೂತಾಗ ಹೆಗಲು ಮುಂದಕ್ಕೆ ಬಾಗಿಯೇ ಇರುವ ತಾಯಿಗೆ ಬೆನ್ನಿನ ಮೇಲ್ಭಾಗವನ್ನು ಬಲಪಡಿಸುವ ಎಳೆತವೇ ಎಲ್ಲಕ್ಕಿಂತ ಹೆಚ್ಚು ಬೇಕಾಗಿರುವಾಗ, ಅದೇ ಇಲ್ಲದಿರುವುದು ಸಣ್ಣ ಲೋಪವಲ್ಲ. ಇನ್ನೊಂದು ಕೊರತೆ ಭಾರದ ಏರಿಕೆಯದು: ಸ್ನಾಯು ಬಲಗೊಳ್ಳಲು ಅದರ ಮೇಲಿನ ಹೊರೆ ಕ್ರಮೇಣ ಹೆಚ್ಚುತ್ತ ಹೋಗಬೇಕು, ಆದರೆ ಮೈಭಾರವೊಂದನ್ನೇ ನೆಚ್ಚಿದ ಸಾಧನೆಯಲ್ಲಿ ಕೆಲವು ವಾರಗಳ ಬಳಿಕ ಎಣಿಕೆ ಏರುತ್ತದೆಯೇ ಹೊರತು ಹೊರೆ ಏರುವುದಿಲ್ಲ.

ಈ ಎರಡೂ ಕೊರತೆಗಳಿಗೆ ಪರಿಹಾರ ಜಿಲ್ಲೆಯ ಬಹುತೇಕ ಮನೆಗಳಲ್ಲಿ ಈಗಾಗಲೇ ಇದೆ. ಊರೂರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತುಂಬಿಸಿ ತರುವ 20 ಲೀಟರಿನ ಕ್ಯಾನು ತುಂಬಿದಾಗ 20 ಕಿಲೊ ಚಿಲ್ಲರೆ ತೂಗುತ್ತದೆ, ಮತ್ತು ಒಂದು ಲೀಟರ್ ನೀರು ಒಂದು ಕಿಲೊ ಆಗಿರುವುದರಿಂದ ಅದರ ಭಾರವನ್ನು ಬೇಕಾದಷ್ಟೇ ಏರಿಸುವ, ಇಳಿಸುವ ಅನುಕೂಲವಿದೆ. ಐದು ಲೀಟರಿನ ಎಣ್ಣೆ ಕ್ಯಾನಿಗೆ ನೀರು ತುಂಬಿ, ಒಂದು ಕೈಯನ್ನು ಮಂಚದ ಅಂಚಿಗೆ ಊರಿ, ಬೆನ್ನನ್ನು ಚಪ್ಪಟೆಯಾಗಿಟ್ಟು ಬಾಗಿ, ಇನ್ನೊಂದು ಕೈಯಿಂದ ಕ್ಯಾನನ್ನು ಪಕ್ಕೆಲುಬಿನ ಕಡೆಗೆ ಎಳೆದು ಮೂರು ಎಣಿಸುವಷ್ಟು ನಿಧಾನವಾಗಿ ಇಳಿಸಿದರೆ, ದಂಡ ಕೊಡದ ಎಳೆತ ದೊರೆಯುತ್ತದೆ. ಇಳಿಸುವಾಗ ನಿಧಾನಿಸುವುದು, ಒಂಟಿ ಕಾಲಿನ ಮೇಲೆ ಹೆಚ್ಚು ಭಾರ ಹಾಕುವುದು, ಇನ್ನು ಎರಡು ಮೂರು ಮಾತ್ರ ಸಾಧ್ಯವೆನಿಸುವವರೆಗೆ ಮುಂದುವರಿಸುವುದು, ಇವುಗಳಿಂದ ಹಗುರ ಭಾರವೂ ಸ್ನಾಯುವನ್ನು ಬೆಳೆಸಬಲ್ಲದೆಂಬುದು ಇಂದು ವ್ಯಾಯಾಮ ವಿಜ್ಞಾನದಲ್ಲಿ ಒಪ್ಪಿತವಾದ ಮಾತು. ಕಬ್ಬಿಣದ ಡಂಬೆಲ್ಲುಗಳು ಅಂಬೆಗಾಲಿಡುವ ಮಗುವಿನ ಬೆರಳಿಗೂ ಪಾದಕ್ಕೂ ಅಪಾಯ ತರುವುದರಿಂದ, ಕೆಲಸ ಮುಗಿದೊಡನೆ ನೀರನ್ನು ಚೆಲ್ಲದೆ ಬಳಸಿ ಖಾಲಿ ಮಾಡಬಹುದಾದ ಕ್ಯಾನು ಇಂತಹ ಮನೆಗೆ ಇನ್ನಷ್ಟು ಒಪ್ಪುತ್ತದೆ. ತುಂಬಿದ ಬಕೆಟ್ಟನ್ನು ಮಾತ್ರ ಮಗುವಿನ ಕೈಗೆಟುಕುವಲ್ಲಿ ಇಡಲೇಬಾರದು.

ಬಾಣಂತಿಯ ವಿಷಯದಲ್ಲಿ ಈ ರೂಢಿ ತೀರ ಅಸಮರ್ಪಕವಾಗಿದೆ. ಬಸುರಿನಲ್ಲಿ ಹೊಟ್ಟೆಯ ಎರಡು ಪಕ್ಕದ ನೇರ ಸ್ನಾಯುಗಳು ನಡುಗೆರೆಯಿಂದ ದೂರ ಸರಿಯುತ್ತವೆ. ಹೆರಿಗೆಯ ಬಳಿಕ ಅವು ಕೂಡಿಕೊಳ್ಳಲು ತಿಂಗಳುಗಳು ಹಿಡಿಯಬಹುದು, ಕೆಲವರಲ್ಲಿ ಬಿರುಕು ಉಳಿದೇ ಹೋಗುತ್ತದೆ. ಅಂಗಾತ ಮಲಗಿ ಮಂಡಿ ಮಡಿಸಿ ತಲೆಯನ್ನು ಸ್ವಲ್ಪ ಎತ್ತಿದಾಗ ಹೊಕ್ಕುಳಿನ ಮೇಲೂ ಕೆಳಗೂ ಉದ್ದಕ್ಕೆ ದಿಬ್ಬದಂತೆ ಉಬ್ಬಿದರೆ ಆ ಸ್ನಾಯುಗಳು ಇನ್ನೂ ಸಿದ್ಧವಾಗಿಲ್ಲವೆಂದು ತಿಳಿಯಬೇಕು, ಮತ್ತು ಆ ಸ್ಥಿತಿಯಲ್ಲಿ ಪೂರ್ಣ ದಂಡವನ್ನಾಗಲಿ ಬಿರುಸಿನ ಸೂರ್ಯನಮಸ್ಕಾರವನ್ನಾಗಲಿ ಮಾಡುವುದು ಹಾನಿಕರವಾಗಬಹುದು. ಮೊದಲು ಬೇಕಾದುದು ಆಳವಾದ ಉಸಿರಾಟ, ಮೂತ್ರವನ್ನು ತಡೆಹಿಡಿದಂತೆ ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಬಿಗಿದು ಸಡಿಲಿಸುವ ಅಭ್ಯಾಸ, ಮತ್ತು ನಡಿಗೆ; ಅನಂತರ ಗೋಡೆಗೆ ಕೈಯೂರಿದ ದಂಡ, ಮಂಚಕ್ಕೆ ಕೈಯೂರಿದ ದಂಡ, ಕೊನೆಗೆ ನೆಲದ ದಂಡ ಎಂಬ ಕ್ರಮ. ಜಿಗಿತ ಮತ್ತು ಓಟಗಳಿಗೆ ಕನಿಷ್ಠ ಮೂರು ತಿಂಗಳು ಕಾಯಬೇಕೆಂಬುದು ತಜ್ಞರ ಸಲಹೆಯಾಗಿದ್ದು, ಸಿಸೇರಿಯನ್ ಆದವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ನಮ್ಮ ಬಾಣಂತನದ ಸಂಪ್ರದಾಯ ನಡುಪಟ್ಟಿ, ಎಣ್ಣೆನೀರು, ವಿಶ್ರಾಂತಿಗಳಿಗೆ ಕೊಟ್ಟ ಗಮನವನ್ನು ಈ ಕ್ರಮಬದ್ಧ ಚೇತರಿಕೆಗೆ ಕೊಡಲಿಲ್ಲ. ಗರಡಿಯ ಸಂಪ್ರದಾಯಕ್ಕಂತೂ ಬಾಣಂತಿಯ ದೇಹದ ಪರಿಚಯವೇ ಇರಲಿಲ್ಲ.

ಮಗುವನ್ನೇ ವ್ಯಾಯಾಮದ ಭಾಗವಾಗಿಸಿಕೊಳ್ಳುವ ಸಲಹೆ ಈಗ ಬಹಳ ಕೇಳಿಬರುತ್ತದೆ. ಉಪ್ಪುಮೂಟೆ ಹೊತ್ತು ಬಸ್ಕಿ ಮಾಡುವುದರಲ್ಲಿ ಮಗುವಿಗೆ ನಲಿವಿದೆ, ಹೊತ್ತವರಿಗೆ ಶ್ರಮವೂ ಇದೆ. ಆದರೆ ಎರಡರಿಂದ ಐದು ವರ್ಷದೊಳಗಿನ ಮಗು ವರ್ಷಕ್ಕೆ ಸುಮಾರು 2 ಕಿಲೊ ಮಾತ್ರ ತೂಕ ಏರುತ್ತದೆ, ಸ್ನಾಯುವಾದರೋ ಕೆಲವೇ ವಾರಗಳಲ್ಲಿ ಹೆಚ್ಚಿನ ಹೊರೆಯನ್ನು ಕೇಳುತ್ತದೆ, ಅಲ್ಲದೆ ಮಿಸುಕಾಡುವ ಹೊರೆಯ ಕೆಳಗೆ ಬೆನ್ನನ್ನು ನೆಟ್ಟಗಿಡುವುದು ಕಷ್ಟ. ಕುತ್ತಿಗೆ ನಿಲ್ಲದ ಹಸುಗೂಸನ್ನು ಹೀಗೆ ಬಳಸುವುದಂತೂ ಸಲ್ಲದು. ಆದ್ದರಿಂದ ಇದನ್ನು ಆಟವೆಂದು ಸ್ವೀಕರಿಸುವುದು ಲೇಸು, ಬಲಸಾಧನೆಯ ಬದಲಿಯೆಂದು ಎಣಿಸಲಾಗದು. ಮಗು ಅನುಕರಿಸುವುದರ ಬೆಲೆ ಇದಕ್ಕಿಂತ ಬಹಳ ದೊಡ್ಡದು: ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 180 ನಿಮಿಷಗಳ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರುವಾಗ, ಅಮ್ಮ ಕೈಯೂರಿದ ಚಾಪೆಯ ಮೇಲೆ ತಾನೂ ಕೈಯೂರಿ ಸೊಂಟವೆತ್ತುವ ಮಗು ತನ್ನ ಪಾಲಿನ ವ್ಯಾಯಾಮವನ್ನೂ, ಜೀವನವಿಡೀ ಉಳಿಯಬಹುದಾದ ಒಂದು ಅಭ್ಯಾಸವನ್ನೂ ಒಟ್ಟಿಗೆ ಪಡೆಯುತ್ತದೆ.

ಮೂರನೆಯ ಪ್ರಶ್ನೆ ಉಳಿದೆರಡಕ್ಕಿಂತ ಭಾರವಾದುದು. ಮುದ್ದೆ ತಿರುವುವ, ನೀರು ಹೊರುವ, ನೆಲ ಒರೆಸುವ ಹೆಂಗಸಿಗೆ ಬೇರೆ ವ್ಯಾಯಾಮವೇಕೆ ಎಂಬ ಮಾತು ಹಳ್ಳಿಯಲ್ಲೂ ಪೇಟೆಯಲ್ಲೂ ಕೇಳಿಬರುತ್ತದೆ. ಮನೆಗೆಲಸ ಶ್ರಮವೇ ಹೌದು, ಆರೋಗ್ಯಕ್ಕೆ ಅದರಿಂದ ಒಂದಿಷ್ಟು ಲಾಭವೂ ಉಂಟು. ಆದರೆ ಅದು ದಿನವೂ ಅದೇ ಸ್ನಾಯುಗಳನ್ನು, ಅದೇ ಬಾಗಿದ ಭಂಗಿಯಲ್ಲಿ, ಕ್ರಮವೂ ವಿಶ್ರಾಂತಿಯೂ ಇಲ್ಲದೆ ದಣಿಸುತ್ತದೆ, ಬಲವನ್ನು ಬೆಳೆಸುವ ಏರಿಕೆ ಅದರಲ್ಲಿ ಇಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ, ಗಂಡಸರು 97 ನಿಮಿಷಗಳನ್ನೂ ಅದಕ್ಕೆ ಕೊಡುತ್ತಿದ್ದರು. 2022ರಲ್ಲಿ ಭಾರತದ ಹೆಂಗಸರಲ್ಲಿ ಶೇ. 57ರಷ್ಟು, ಗಂಡಸರಲ್ಲಿ ಶೇ. 42ರಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲವೆಂದು 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪ್ರಕಟಿಸಿದ ವಿಶ್ಲೇಷಣೆ ಅಂದಾಜಿಸಿತು. ಈ ಎರಡು ಅಂಕಿಗಳನ್ನು ಜೊತೆಗಿಟ್ಟು ಓದಿದರೆ, ಹೆಚ್ಚು ದುಡಿಯುವವರಿಗೇ ತಮ್ಮ ದೇಹಕ್ಕಾಗಿ ಕಡಿಮೆ ಸಮಯ ಉಳಿಯುತ್ತಿದೆ ಎಂಬ ಅನ್ಯಾಯ ಕಣ್ಣಿಗೆ ಕಟ್ಟುತ್ತದೆ.

ಹೀಗಿರುವಾಗ ಮನೆಯ ವ್ಯಾಯಾಮದ ಯಶಸ್ಸನ್ನು ತಾಯಿಯೊಬ್ಬಳ ಮನೋಬಲಕ್ಕೆ ಗಂಟುಹಾಕುವ ಬರಹಗಳೂ ಉಪದೇಶಗಳೂ ಅರ್ಧ ಸತ್ಯವನ್ನಷ್ಟೇ ಹೇಳುತ್ತವೆ. ಗಂಡನೋ ಅತ್ತೆಯೋ ಮಾವನೋ ದಿನಕ್ಕೆ 20 ನಿಮಿಷ ಕೂಸನ್ನು ತಮ್ಮ ಪಾಲಿನ ಕೆಲಸವೆಂದು ನೋಡಿಕೊಂಡರೆ ಯಾವ ಉಪಕರಣವೂ ಕೊಡಲಾರದ ಅನುಕೂಲ ಅವಳಿಗೆ ದೊರೆಯುತ್ತದೆ. 50 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರ ಇರಲೇಬೇಕೆಂದು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಹೇಳಿತು, ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಯೋಜನೆ ಬಂದಿದೆ, ಅಂಗನವಾಡಿಗಳಿವೆ; ಇವು ತಾಯಂದಿರ ದುಡಿಮೆಗೆ ಒದಗಿಬರುವಷ್ಟೇ ಅವರ ಆರೋಗ್ಯಕ್ಕೂ ಒದಗಿಬರಬೇಕೆಂಬ ದೃಷ್ಟಿ ಇನ್ನೂ ಬೆಳೆಯಬೇಕಾಗಿದೆ.

ಒಟ್ಟಾರೆಯಾಗಿ, ಸೂರ್ಯನಮಸ್ಕಾರ, ದಂಡ, ಬಸ್ಕಿಗಳ ರೂಢಿ ಕೂಸಿರುವ ಮನೆಗೆ ಒಳ್ಳೆಯ ಅಡಿಪಾಯ, ಅಷ್ಟರಿಂದಲೇ ಪೂರ್ಣವಾದ ಕಟ್ಟಡವಲ್ಲ. ವಾರಕ್ಕೆ ಎರಡು ಮೂರು ದಿನ ದಂಡ, ಬಸ್ಕಿ, ಕ್ಯಾನಿನ ಎಳೆತ ಮತ್ತು ಕ್ಯಾನು ಹೊತ್ತ ನಡಿಗೆ, ಉಳಿದ ದಿನಗಳಲ್ಲಿ ನಮಸ್ಕಾರ ಅಥವಾ ಮೆಟ್ಟಿಲು, ಎಲ್ಲವೂ ಮಗು ಬಿಟ್ಟಷ್ಟು ಹೊತ್ತಿನ ತುಂಡುಗಳಲ್ಲಿ. ಬಾಣಂತಿಗೆ ಪ್ರತ್ಯೇಕವಾದ, ನಿಧಾನವಾದ ಆರಂಭ. ಮಗ್ಗದ ಮುಂದೆ ದಿನವಿಡೀ ನಿಲ್ಲುವವರಿಗೆ ಕಾಲಿಗಿಂತ ಬೆನ್ನಿಗೆ ಹೆಚ್ಚು ಗಮನ, ಹೊಲಿಗೆ ಯಂತ್ರದ ಮುಂದೆ ಕೂರುವವರಿಗೆ ಬೆನ್ನಿನ ಜೊತೆಗೆ ಕಾಲಿಗೂ ಗಮನ. ಇಷ್ಟು ತಿದ್ದುಪಡಿಗಳೊಂದಿಗೆ ಈ ರೂಢಿ ಜಿಲ್ಲೆಯ ಯಾವ ಬಡ ಮನೆಗೂ ಖರ್ಚಿಲ್ಲದೆ ಸಲ್ಲುತ್ತದೆ. ಅದನ್ನು ಯಾರಿಗಾದರೂ ಹೇಳಿಕೊಡುವವರು ಎಷ್ಟು ದಂಡ, ಎಷ್ಟು ಬಸ್ಕಿ ಎಂದು ತಿಳಿಸುವುದಕ್ಕೆ ಮೊದಲು, ಆ ಹೊತ್ತಿನಲ್ಲಿ ಮಗುವನ್ನು ಯಾರು ನೋಡಿಕೊಳ್ಳುತ್ತಾರೆಂದು ಕೇಳಿ, ಆ ವ್ಯಕ್ತಿಗೂ ಅದೇ ಪಾಠದಲ್ಲಿ ಒಂದು ಕೆಲಸವನ್ನು ಗೊತ್ತುಮಾಡಬೇಕು.