ಅಂಕೆಯ ಪತ್ರಿಕೆಗಳೂ ಕಾಫಿಮಲೆಯ ಸ್ತ್ರೀಯರೂ

ಒಂದು ಕಾಲದ ವೃತ್ತಪತ್ರಿಕೆಗಳು ಸ್ತ್ರೀಯರನ್ನು ಕುರಿತು ಏನನ್ನು ಬರೆದುವೆಂಬುದು ಎಷ್ಟು ಮುಖ್ಯವೋ, ಅವರನ್ನು ಯಾವ ವಿಭಕ್ತಿಯಲ್ಲಿಟ್ಟು ಬರೆದುವೆಂಬುದೂ ಅಷ್ಟೇ ಮುಖ್ಯವಾದುದು. ಕ್ರಿಯೆಯೊಡನೆ ನಾಮಪದಕ್ಕಿರುವ ಸಂಬಂಧವನ್ನು ಕನ್ನಡದ ವೈಯಾಕರಣರು ಕಾರಕವೆಂದು ಕರೆದಿರುವರು. ಮಾಡುವವನು ಕರ್ತೃ, ಕ್ರಿಯೆಯ ಫಲಕ್ಕೆ ಗುರಿಯಾದುದು ಕರ್ಮ, ಯಾರಿಗಾಗಿ ಕೊಡಲ್ಪಡುವುದೋ ಅದು ಸಂಪ್ರದಾನ. 1975ನೆಯ ಜೂನ್ 25ರಿಂದ 1977ನೆಯ ಮಾರ್ಚ್ 21ರವರೆಗೆ ಈ ದೇಶದಲ್ಲಿ ನಡೆದ ತುರ್ತುಪರಿಸ್ಥಿತಿಯ ಕಾಲದ ಪತ್ರಿಕಾವಾಕ್ಯವನ್ನು ಈ ದೃಷ್ಟಿಯಿಂದ ಪರೀಕ್ಷಿಸಿದರೆ, ಸ್ತ್ರೀಯು ಅದರಲ್ಲಿ ಬಹುಮಟ್ಟಿಗೆ ಸಂಪ್ರದಾನವಾಗಿಯೂ, ಕೆಲವೆಡೆ ಕರ್ಮವಾಗಿಯೂ ನಿಂತಿರುವುದು ತೋರುತ್ತದೆ. ಕರ್ತೃಸ್ಥಾನದಲ್ಲಿ ಎದ್ದು ಕಾಣುವವರು ಒಬ್ಬರೇ: ಪ್ರಧಾನಮಂತ್ರಿಗಳಾಗಿದ್ದ ಇಂದಿರಾ ಗಾಂಧಿಯವರು. ಈ ವ್ಯವಸ್ಥೆಯು ಯಾರನ್ನು ಮೆರೆಯಿಸಿತು, ಯಾರನ್ನು ಮರೆಯಿಸಿತು ಎಂಬುದನ್ನು ತಿಳಿಯುವುದಕ್ಕೆ ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿಮಲೆಗಳು ಒಳ್ಳೆಯ ಒರೆಗಲ್ಲು. ಆ ಕಾಲದ ಸ್ತ್ರೀಪರ ಕಾನೂನೊಂದು ಮೊದಲು ತಲಪಬೇಕಾಗಿದ್ದ ಕೆಲಸದ ಎಡೆಗಳಲ್ಲಿ ಇಲ್ಲಿಯ ತೋಟಗಳೂ ಸೇರಿದ್ದುವು. ಆ ಆಳ್ವಿಕೆಯ ನಾಯಕಿಗೆ ಸೋಲಿನ ತರುವಾಯ ಲೋಕಸಭೆಯ ಬಾಗಿಲನ್ನು ಮತ್ತೆ ತೆರೆದುದೂ ಈ ಕ್ಷೇತ್ರವೇ.

ಮೊದಲು ಪತ್ರಿಕೆಗಳ ಸ್ಥಿತಿಯನ್ನು ತಿಳಿಯುವುದು ಅವಶ್ಯಕ. 1975ನೆಯ ಜೂನ್ 26ರಿಂದ ಸುದ್ದಿಗಳು ಅಚ್ಚಾಗುವ ಮೊದಲೇ ಸರ್ಕಾರದ ಪರಿಶೀಲನೆಗೆ ಒಳಗಾದುವು. ಬಂಧಿತರ ಹೆಸರುಗಳನ್ನೂ ಅವರನ್ನಿಟ್ಟ ಸ್ಥಳಗಳನ್ನೂ ಪ್ರಕಟಿಸಕೂಡದೆಂದು ಕಟ್ಟಳೆಯಾಯಿತು. 1976ರಲ್ಲಿ ನಾಲ್ಕು ಸುದ್ದಿಸಂಸ್ಥೆಗಳನ್ನು ಕೂಡಿಸಿ 'ಸಮಾಚಾರ್' ಎಂಬ ಒಂದೇ ಸಂಸ್ಥೆಯನ್ನು ಮಾಡಲಾಯಿತು. ಪತ್ರಿಕೆಗಳನ್ನು ಸ್ನೇಹದವು, ತಟಸ್ಥವಾದುವು, ವಿರೋಧದವು ಎಂದು ವಿಂಗಡಿಸಿ, ಅದಕ್ಕೆ ತಕ್ಕಂತೆ ಸರ್ಕಾರದ ಜಾಹೀರಾತುಗಳನ್ನು ಹಂಚಲಾಯಿತೆಂಬುದು 1977ರ ಬಳಿಕ ನಡೆದ ವಿಚಾರಣೆಗಳಿಂದ ಹೊರಬಿದ್ದಿತು. ಎಲ್ಲ ಪತ್ರಿಕೆಗಳೂ ಒಂದೇ ಸಮನಾಗಿ ತಲೆಬಾಗಿದುವೆಂದು ಹೇಳುವುದು ನ್ಯಾಯವಲ್ಲ. ಸಂಪಾದಕೀಯದ ಅಂಕಣವನ್ನು ಬರಿದಾಗಿ ಬಿಟ್ಟು ಪ್ರತಿಭಟಿಸಿದುವೂ ಉಂಟು. ಆದರೆ ಅಂಕೆಯು ಮೂಲದಲ್ಲಿಯೇ ಇದ್ದುದರಿಂದ, ಯಾವ ಪತ್ರಿಕೆಯನ್ನು ತೆರೆದರೂ ಓದುಗನಿಗೆ ಸಿಕ್ಕುತ್ತಿದ್ದುದು ಬಹುಮಟ್ಟಿಗೆ ಒಂದೇ ಚಿತ್ರ.

ಆಳುವವರ ಅಂಕೆಯು ಈ ನಾಡಿಗೆ ಹೊಸದಾಗಿರಲಿಲ್ಲ. ಚಿಕ್ಕಮಗಳೂರು ಸೀಮೆಯು ಕಡೂರು ಜಿಲ್ಲೆಯೆನಿಸಿದ್ದಾಗ, 1908ರಲ್ಲಿ, ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ ಮೈಸೂರು ಸಂಸ್ಥಾನವು ಪತ್ರಿಕಾ ಕಾನೂನೊಂದನ್ನು ಮಾಡಿತು, ಎಂ. ವೆಂಕಟಕೃಷ್ಣಯ್ಯನವರಂಥವರು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಆದರೆ ಆ ಕಾನೂನಿನ ನೆರಳಿನಲ್ಲಿಯೇ ನಂಜನಗೂಡು ತಿರುಮಲಾಂಬ ಅವರು 1910ರ ದಶಕದಲ್ಲಿ 'ಕರ್ಣಾಟಕ ನಂದಿನಿ'ಯನ್ನೂ, ಆರ್. ಕಲ್ಯಾಣಮ್ಮನವರು 1921ರಲ್ಲಿ 'ಸರಸ್ವತಿ'ಯನ್ನೂ ಹೊರಡಿಸಿದರು. ತಿರುಮಲಾಂಬ ಅವರ ಬರವಣಿಗೆಯ ಉಪದೇಶವು ಬಹುಪಾಲು ಪಾತಿವ್ರತ್ಯ, ಗೃಹಧರ್ಮಗಳದೇ. ಇಂದಿನ ಓದುಗರಿಗೆ ಅದರಲ್ಲಿ ಒಪ್ಪಿಗೆಯಾಗದ ಮಾತು ಎಷ್ಟೋ ಇರಬಹುದು. ಆದರೂ ಅಲ್ಲಿ ಉಪದೇಶ ಮಾಡುವವಳು ಸ್ತ್ರೀ, ಸಂಪಾದಕಿ ಸ್ತ್ರೀ. ಐವತ್ತು ವರ್ಷಗಳ ತರುವಾಯ ಬಂದ ಉಪದೇಶವು ಹೆಚ್ಚು ಆಧುನಿಕವಾಗಿದ್ದಿತು. ಹೇಳುವವನು ಮಾತ್ರ ಸರ್ಕಾರವಾಗಿದ್ದಿತು. ಇವೆರಡನ್ನು ಅಕ್ಕಪಕ್ಕದಲ್ಲಿಟ್ಟರೆ, ಉಪದೇಶದ ಹೊಸತನವೊಂದನ್ನೇ ನೋಡಿ ಸ್ತ್ರೀಯ ಏಳಿಗೆಯನ್ನು ಅಳೆಯಲಾಗದೆಂಬುದು ಸ್ಪಷ್ಟವಾಗುವುದು.

ತುರ್ತುಪರಿಸ್ಥಿತಿಯ ಚಿತ್ರದಲ್ಲಿ ಎರಡು ಸ್ತ್ರೀಮೂರ್ತಿಗಳು ಪ್ರಧಾನವಾದುವು. ಮೊದಲನೆಯದು ಆಳುವ ತಾಯಿಯ ಮೂರ್ತಿ. ಕಾಂಗ್ರೆಸ್ ಅಧ್ಯಕ್ಷರಾಗಿದ್ದ ದೇವಕಾಂತ ಬರೂವಾ ಅವರು ಇಂದಿರೆಯೇ ಇಂಡಿಯಾ ಎಂದು ಸಾರಿದರು, ಚಿತ್ರಕಾರ ಎಂ. ಎಫ್. ಹುಸೇನರು 1975ರಲ್ಲಿ ಆಕೆಯನ್ನು ದುರ್ಗೆಯಾಗಿ ಬರೆದರು. ಪಕ್ಷದ ಚುನಾವಣಾ ಚಿಹ್ನೆಯಾದ ಹಸು-ಕರು ಮಾತೃತ್ವವನ್ನೇ ಸೂಚಿಸುತ್ತಿದ್ದಿತು. ಒಬ್ಬ ಸ್ತ್ರೀಯು ಅಧಿಕಾರದ ತುದಿಯಲ್ಲಿದ್ದುದು ಅಲ್ಪವಾದ ಸಂಗತಿಯಲ್ಲ. ಆದರೆ ತಾಯಿಯೆಂಬ ಪದವು ಪ್ರಶ್ನೆಯನ್ನು ತಡೆಯುವ ಪದವೂ ಆಗಿರುವುದು. ಅಧಿಕಾರಿಯನ್ನು ಲೆಕ್ಕ ಕೇಳಬಹುದು, ತಾಯಿಯನ್ನು ಕೇಳುವವರಾರು? ಒಬ್ಬಳ ಶಕ್ತಿಯನ್ನು ಸ್ತ್ರೀಕುಲದ ಶಕ್ತಿಯೆಂದು ಎಣಿಸಿದ ಮೇಲೆ, ಉಳಿದ ಸ್ತ್ರೀಯರು ಮಕ್ಕಳ ಸಾಲಿನಲ್ಲಿ ನಿಲ್ಲಬೇಕಾಯಿತು.

ಎರಡನೆಯದು ಚಿಕ್ಕ ಸಂಸಾರದ ಗೃಹಿಣಿಯ ಮೂರ್ತಿ. ಕೆಂಪು ತ್ರಿಕೋನ, ತಂದೆ ತಾಯಿ ಎರಡು ಮಕ್ಕಳ ನಗುಮುಖ, 'ನಾವಿಬ್ಬರು ನಮಗಿಬ್ಬರು' ಎಂಬ ಮಾತು, ಇವು ತುರ್ತುಪರಿಸ್ಥಿತಿಗಿಂತ ಹಿಂದೆಯೇ ಹುಟ್ಟಿದ್ದರೂ ಆ ಕಾಲದಲ್ಲಿ ಆಜ್ಞೆಯ ಬಲವನ್ನು ಪಡೆದುವು. ಕನ್ನಡನಾಡಿನಲ್ಲಿ ಕುಟುಂಬಯೋಜನೆಯ ಪ್ರಚಾರಕ್ಕೆ ಹೊಂದಿಕೊಂಡ 'ಆರತಿಗೊಬ್ಬಳು, ಕೀರ್ತಿಗೊಬ್ಬ' ಎಂಬ ನಾಣ್ನುಡಿಯು ವಿಶೇಷವಾಗಿ ವಿಚಾರಾರ್ಹವಾದುದು. ಮಕ್ಕಳು ಎರಡೇ ಸಾಕೆಂಬುದು ಇದರ ಮೇಲಿನ ಅರ್ಥ. ಒಳಗಿನ ಅರ್ಥವಾದರೋ ಬೇರೆ. ಮಗನು ಕೀರ್ತಿಯನ್ನು ಪಡೆಯತಕ್ಕವನು, ಮಗಳು ಆರತಿಯನ್ನು ಎತ್ತತಕ್ಕವಳು. ಮಕ್ಕಳ ಸಂಖ್ಯೆಯು ಆರರಿಂದ ಎರಡಕ್ಕೆ ಇಳಿದರೂ ಅವರಿಗೆ ಹಂಚಿದ ಕೆಲಸವು ಕೂದಲೆಳೆಯಷ್ಟೂ ಕದಲಲಿಲ್ಲ. ಸುಧಾರಣೆಯ ಮಾತು ಹಳೆಯ ಕಟ್ಟಳೆಯನ್ನೇ ಹೊತ್ತು ತಂದಿತು.

ಈ ಕಾರ್ಯವು ಪರದೇಶಗಳಲ್ಲಿ ನಡೆದ ರೀತಿಯನ್ನು ಹೋಲಿಸಿದರೆ ವಿಷಯವು ಇನ್ನೂ ತಿಳಿಯಾಗುವುದು. ಹಿಟ್ಲರನ ಜರ್ಮನಿಯು 1933ರಲ್ಲಿ ಸಂಪಾದಕರ ಕಾನೂನನ್ನು ಮಾಡಿ ಪತ್ರಿಕೆಗಳನ್ನು ವಶಪಡಿಸಿಕೊಂಡಿತು. 1938ರಲ್ಲಿ ಹೆಚ್ಚು ಮಕ್ಕಳನ್ನು ಹೆತ್ತ ತಾಯಂದಿರಿಗೆ ಪದಕವನ್ನು ಏರ್ಪಡಿಸಿತು. ಸ್ಪೇನಿನಲ್ಲಿ ಫ್ರಾಂಕೋ ಆಳ್ವಿಕೆಯ ಸ್ತ್ರೀಸಂಘವು ಹೆಂಗಸರಿಗೆ ಮನೆವಾರ್ತೆಯ ಶಿಕ್ಷಣವನ್ನು ಕಡ್ಡಾಯದ ಸೇವೆಯೊಡನೆ ಬೆಸೆದು, 1977ರವರೆಗೂ ಬಾಳಿತು. ಅಲ್ಲಿ ಹೆಚ್ಚು ಹೆರಬೇಕೆಂಬ ಉಪದೇಶ, ಇಲ್ಲಿ ಕಡಮೆ ಹೆರಬೇಕೆಂಬ ಉಪದೇಶ. ಜರ್ಮನಿಯ ಘೋರವನ್ನು ಇಲ್ಲಿಯ ಇಪ್ಪತ್ತೊಂದು ತಿಂಗಳುಗಳೊಡನೆ ಸಮಮಾಡಲಾಗದು. ಆದರೂ ಸ್ತ್ರೀಯ ದೇಹವು ರಾಜ್ಯದ ಲೆಕ್ಕದ ಪುಸ್ತಕದಲ್ಲಿ ಒಂದು ಬಾಬ್ತೆಂಬ ಭಾವನೆಯು ಎರಡೆಡೆಗಳಲ್ಲಿಯೂ ಸಮಾನವಾಗಿದ್ದಿತು.

ಇದರ ಪರಿಣಾಮವನ್ನು ಅಂಕಿಗಳೇ ಹೇಳುತ್ತವೆ. 1976-77ರಲ್ಲಿ ದೇಶದಲ್ಲಿ ಸುಮಾರು 82 ಲಕ್ಷ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದುವು. ಅವುಗಳಲ್ಲಿ ಸುಮಾರು 62 ಲಕ್ಷ ಗಂಡಸರವು. ಬಲಾತ್ಕಾರದ ವಿರುದ್ಧ ಎದ್ದ ಗಂಡಸರ ಕೋಪವು 1977ರ ಚುನಾವಣೆಯಲ್ಲಿ ಉತ್ತರದೇಶದ ಸರ್ಕಾರಪಕ್ಷವನ್ನು ಕೊಚ್ಚಿಕೊಂಡು ಹೋಯಿತು. ಆ ಬಳಿಕ ಯಾವ ಸರ್ಕಾರವೂ ಗಂಡಸಿನ ಮೇಲೆ ಆ ಭಾರವನ್ನು ಹೊರಿಸುವ ಧೈರ್ಯವನ್ನು ಮಾಡಲಿಲ್ಲ. ಶಸ್ತ್ರವು ಹೆಂಗಸಿನ ಕಡೆಗೆ ತಿರುಗಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ಕರ್ಣಾಟಕದ ವಿವಾಹಿತ ಸ್ತ್ರೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈ ಚಿಕಿತ್ಸೆಯನ್ನು ಮಾಡಿಸಿಕೊಂಡವರು. ಗಂಡಸರ ಪಾಲು ನೂರಕ್ಕೆ ಒಂದನ್ನೂ ಮುಟ್ಟದು. ಸಂಸಾರವನ್ನು ಚಿಕ್ಕದಾಗಿಡುವುದು ಗೃಹಿಣಿಯ ಧರ್ಮವೆಂದು ಪ್ರಚಾರಚಿತ್ರಗಳು ಮೊದಲೇ ಬಗೆಹರಿಸಿದ್ದುದರಿಂದ, ಭಾರವು ಕೈಬದಲಾಯಿಸಿದಾಗ ಯಾರಿಗೂ ಅದು ವಿಶೇಷವೆನಿಸಲಿಲ್ಲ. ಆಳ್ವಿಕೆ ಹೋಯಿತು, ಅದು ಹಂಚಿದ ಪಾತ್ರವು ಉಳಿಯಿತು.

ಇನ್ನು ಕಾಫಿಮಲೆಗಳಿಗೆ ಬರುವುದು ಯುಕ್ತ. ಇಲ್ಲಿಯ ಹೆಂಗಸು ಮೊದಲಿನಿಂದಲೂ ದುಡಿಯುವವಳು. ಘಟ್ಟದ ಕೆಳಗಿನ ತುಳು ಸೀಮೆಯಿಂದಲೂ, ತಮಿಳು ಸೀಮೆಯಿಂದಲೂ, ಸುತ್ತಣ ಹಳ್ಳಿಗಳಿಂದಲೂ ಬಂದು ಲೈನುಮನೆಗಳಲ್ಲಿ ನೆಲಸಿದವರು ಕಳೆ ತೆಗೆಯುವರು, ಗೊಬ್ಬರ ಹಾಕುವರು. ನವೆಂಬರಿನಿಂದ ಫೆಬ್ರುವರಿಯವರೆಗೆ ಹಣ್ಣಿನ ಕುಯ್ಲು ಅವರ ಕೈಯಲ್ಲಿಯೇ ನಡೆಯುವುದು. ಮರಗಸಿ, ಗುಂಡಿ ತೋಡುವುದು, ಔಷಧಿ ಹೊಡೆಯುವುದು ಗಂಡಾಳಿನ ಕೆಲಸ. 1975ನೆಯ ಸೆಪ್ಟೆಂಬರ್ 26ರಂದು, ಅಂತರರಾಷ್ಟ್ರೀಯ ಮಹಿಳಾ ವರ್ಷದಲ್ಲಿ, ಸಮಾನ ವೇತನದ ಸುಗ್ರೀವಾಜ್ಞೆಯು ಹೊರಟಿತು. 1976ರಲ್ಲಿ ಅದು ಅಧಿನಿಯಮವಾಯಿತು. ಮೊದಲು ಜಾರಿಗೆ ಬಂದ ಉದ್ಯೋಗಗಳಲ್ಲಿ ತೋಟಗಳೂ ಸೇರಿದ್ದುವು. ಇದು ನಿಜವಾಗಿಯೂ ಒಳ್ಳೆಯ ಕಾನೂನು. ತುರ್ತುಪರಿಸ್ಥಿತಿಯಲ್ಲಿ ಹುಟ್ಟಿತೆಂಬ ಕಾರಣದಿಂದ ಅದನ್ನು ಹಳಿಯುವುದು ಸಲ್ಲದು.

ಆದರೆ ಸ್ವತಂತ್ರವಾದ ಪತ್ರಿಕೆಯು ಕಾನೂನನ್ನು ಸಾರಿ ಸುಮ್ಮನಾಗುವುದಿಲ್ಲ. ಅದು ತೋಟಕ್ಕೆ ಹೋಗಿ ಬಟವಾಡೆಯ ದಿನ ನಿಂತು ನೋಡುವುದು. ಸಮಾನವಾದ ಅಥವಾ ಒಂದೇ ಬಗೆಯ ಕೆಲಸಕ್ಕೆ ಸಮಾನ ಕೂಲಿಯೆಂದು ಕಾನೂನು ಹೇಳಿದರೆ, ಗಂಡಾಳು ಹೆಣ್ಣಾಳುಗಳಿಗೆ ಬೇರೆ ಬೇರೆ ಕೆಲಸವನ್ನು ಹಂಚಿದಲ್ಲಿ ಗತಿಯೇನು? ಆಗಿನ ತೋಟ ಕಾರ್ಮಿಕರ ಕಾನೂನಿನ ವ್ಯಾಪ್ತಿಗೆ ಬರಬೇಕಾದರೆ ತೋಟವು 25 ಎಕರೆಗಳೂ, ಆಳುಗಳು ಮೂವತ್ತು ಮಂದಿಯೂ ಇರಬೇಕಾಗಿದ್ದಿತು. ಸಣ್ಣ ಹಿಡುವಳಿಯ ತೋಟಗಳಲ್ಲಿ ದುಡಿಯುವವಳ ಪಾಡೇನು? ಕಾನೂನಿನಂತೆ ಕೂಸುಗಳ ಆರೈಕೆಗೆ ಏರ್ಪಾಡಾಗಿದೆಯೆ? ಇವು ವಿರೋಧದ ಪ್ರಶ್ನೆಗಳಲ್ಲ, ಕಾನೂನನ್ನು ಕಾರ್ಯಗೊಳಿಸುವ ಪ್ರಶ್ನೆಗಳು. ಅಂಕೆಯ ಕಾಲದಲ್ಲಿ ಪ್ರಶ್ನೆಯೇ ವಿರೋಧವೆನಿಸಿದ್ದರಿಂದ 'ಮಹಿಳೆಯರಿಗೆ ಸಮಾನ ವೇತನ' ಎಂಬ ಚತುರ್ಥೀ ವಿಭಕ್ತಿಯ ವಾಕ್ಯವೇ ಸುದ್ದಿಯ ಆದಿಯೂ ಅಂತ್ಯವೂ ಆಯಿತು. 1971ರ ಜನಗಣತಿಯಂತೆ ರಾಜ್ಯದ ಸ್ತ್ರೀಯರಲ್ಲಿ ಐವರಿಗೆ ಒಬ್ಬಳು ಅಕ್ಷರಸ್ಥೆ. ಯಾರನ್ನು ಕುರಿತು ಆ ಸುದ್ದಿಯೋ ಅವಳಿಗೆ ಓದು ಬಾರದು. ಓದಬಲ್ಲ ತೋಟದ ರೈಟರಿಗೂ ಸಾಹುಕಾರನಿಗೂ ಕೆಲಸವು ಮುಗಿದುಹೋಯಿತೆಂಬ ಸಮಾಧಾನವು ಸುಲಭವಾಗಿ ದೊರೆಯುತ್ತಿದ್ದಿತು.

ದುಡಿಯುವವಳು ಹೀಗೆ ಸಂಪ್ರದಾನದಲ್ಲಿ ಅಡಗಿದಳು. ಎದುರಿಸಿದವಳಿಗೆ ಆ ಸ್ಥಾನವೂ ದೊರೆಯಲಿಲ್ಲ. ಇದೇ ಜಿಲ್ಲೆಯ ಶೃಂಗೇರಿ ಸೀಮೆಯಲ್ಲಿ ಚಿತ್ರಿತವಾಗಿ 1970ರಲ್ಲಿ ತೆರೆಕಂಡ 'ಸಂಸ್ಕಾರ'ದಲ್ಲಿ ಚಂದ್ರಿಯ ಪಾತ್ರವನ್ನು ವಹಿಸಿದ ಸ್ನೇಹಲತಾ ರೆಡ್ಡಿಯವರನ್ನು 1976ನೆಯ ಮೇ ತಿಂಗಳಲ್ಲಿ ಬಂಧಿಸಿ ಬೆಂಗಳೂರಿನ ಕೇಂದ್ರ ಸೆರೆಮನೆಯಲ್ಲಿ ಇಡಲಾಯಿತು. ಅವರಿಗೆ ಉಬ್ಬಸದ ವ್ಯಾಧಿ ತೀವ್ರವಾಗಿದ್ದಿತು. ಯಾವ ನ್ಯಾಯಾಲಯವೂ ಅವರನ್ನು ಅಪರಾಧಿಯೆಂದು ತೀರ್ಮಾನಿಸಲಿಲ್ಲ. 1977ನೆಯ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 20ನೆಯ ತಾರೀಖು, ಅವರು ತೀರಿಕೊಂಡರು. ಚುನಾವಣೆಯ ಘೋಷಣೆಯಾಗಿ ಆಗ ಎರಡು ದಿನ ಕಳೆದಿದ್ದಿತು. ಸೆರೆಯಲ್ಲಿ ಅವರು ಬರೆದಿಟ್ಟ ದಿನಚರಿಯು ಮರಣಾನಂತರ ಪ್ರಕಟವಾಯಿತು. ಮಹಿಳಾ ವರ್ಷದ ಉತ್ಸವವನ್ನು ವರ್ಣಿಸಿದ ಕಾಲದಲ್ಲಿಯೇ, 'ನಾನು' ಎಂದು ನುಡಿದ ಸ್ತ್ರೀಯೊಬ್ಬಳ ಮಾತಿಗೆ ಸೆರೆಮನೆಯ ಕಾಗದವಲ್ಲದೆ ಬೇರೆ ಎಡೆಯಿರಲಿಲ್ಲವೆಂಬುದು ಆ ಪತ್ರಿಕಾವಾಕ್ಯಕ್ಕೆ ಬರೆದ ಕಟುವಾದ ಭಾಷ್ಯವಾಗಿದೆ.

ಇಲ್ಲಿ ಒಂದು ಆಕ್ಷೇಪವು ಏಳಬಹುದು. 1977ರಲ್ಲಿ ಕರ್ಣಾಟಕವು 28 ಸ್ಥಾನಗಳಲ್ಲಿ 26ನ್ನು ಕಾಂಗ್ರೆಸ್ಸಿಗೇ ಕೊಟ್ಟಿತು. 1978ನೆಯ ನವೆಂಬರಿನಲ್ಲಿ, ಡಿ. ಬಿ. ಚಂದ್ರೇಗೌಡರು ತೆರವು ಮಾಡಿದ ಚಿಕ್ಕಮಗಳೂರು ಕ್ಷೇತ್ರವು ವೀರೇಂದ್ರ ಪಾಟೀಲರ ವಿರುದ್ಧ ಇಂದಿರಾ ಗಾಂಧಿಯವರನ್ನು ಸುಮಾರು 77 ಸಾವಿರ ಮತಗಳ ಅಂತರದಿಂದ ಆರಿಸಿತು. ಹಾಗಾದರೆ ತಾಯಿಯ ಮೂರ್ತಿಯನ್ನು ಮಲೆಯ ಹೆಂಗಸರು ತಾವಾಗಿಯೇ ಒಪ್ಪಿದಂತಾಗಲಿಲ್ಲವೆ? ಮತವು ಪತ್ರಿಕೆಯ ಕೂಸೆಂದು ಭಾವಿಸುವುದು ಮತ ಹಾಕಿದವರಿಗೆ ಮಾಡುವ ಅನ್ಯಾಯ. ದೇವರಾಜ ಅರಸರ ಆಡಳಿತದ ಸುಧಾರಣೆಗಳು, ಕೂಲಿಯ ಕಾನೂನಿನ ಭರವಸೆ, ಎದುರುಪಕ್ಷದ ಒಳಜಗಳ ಇವೆಲ್ಲವನ್ನೂ ಅವರು ತೂಗಿ ನೋಡಿರಬಹುದು. 1974ರ ಭೂಸುಧಾರಣೆಯಿಂದ ಕಾಫಿತೋಟಗಳು ಹೊರಗುಳಿದುದೂ ಅವರಿಗೆ ತಿಳಿಯದ ವಿಷಯವಲ್ಲ. ತೂಗಿದ ಬಗೆಯನ್ನು ಅವರ ಬಾಯಿಂದಲೇ ಕೇಳಬೇಕಾಗಿದ್ದಿತು. ಅಂಕೆಯು ತೊಲಗಿದ್ದ ಆ ಕಾಲದಲ್ಲಿಯೂ ದೇಶದಲ್ಲೆಲ್ಲ ಮೊಳಗಿದುದು, ನೂರು ಕೋತಿಗಳ ಎದುರಿಗೆ ಒಂಟಿ ಸಿಂಹಿಣಿಯೆಂಬ ಹಿಂದೀ ಘೋಷಣೆ. ಅದರಲ್ಲಿ ಚಿಕ್ಕಮಗಳೂರೆಂಬ ಊರ ಹೆಸರು ಎರಡು ಬಾರಿ ಬರುವುದು. ಊರಿನವರು ಒಮ್ಮೆಯೂ ಬರುವುದಿಲ್ಲ. ಅಂಕೆಯು ಕಲಿಸಿದ ಅಭ್ಯಾಸವು ಅಂಕೆಗಿಂತ ಹೆಚ್ಚು ಕಾಲ ಬಾಳುವುದೆಂಬುದಕ್ಕೆ ಇದು ನಿದರ್ಶನ.

ಆ ಅಭ್ಯಾಸಕ್ಕೆ ಪರಿಹಾರವೂ ಅದೇ ಕಾಲದಲ್ಲಿ ತಲೆದೋರಿತು. 1979ರಲ್ಲಿ ದೆಹಲಿಯಿಂದ 'ಮಾನುಷಿ' ಪತ್ರಿಕೆಯು ಹೊರಟಿತು. ಅದೇ ವರ್ಷ ಕರ್ಣಾಟಕ ಲೇಖಕಿಯರ ಸಂಘವು ಸ್ಥಾಪಿತವಾಯಿತು. ತಿರುಮಲಾಂಬ ಅವರ ಕಾಲದಲ್ಲಿ ಒಬ್ಬಿಬ್ಬರು ಹಿಡಿದ ಲೇಖನಿಯು ಹಲವರ ಕೈಗೆ ಬಂದಿತು. ಆದರೆ ಲೈನುಮನೆಯವಳು ಆ ಬಳಗಕ್ಕೂ ದೂರವೇ ಆಗಿದ್ದಳು. ಈ ಕಾಲದ ಸ್ತ್ರೀಯರ ಚರಿತ್ರೆಯನ್ನು ಬರೆಯತಕ್ಕವರು ಪತ್ರಿಕೆಗಳ ಕಟ್ಟುಗಳೊಂದನ್ನೇ ನಂಬದೆ, ತೋಟಗಳ ಹಾಜರಿ ಪುಸ್ತಕಗಳನ್ನೂ ಬಟವಾಡೆಯ ಪಟ್ಟಿಗಳನ್ನೂ ಅವುಗಳ ಪಕ್ಕದಲ್ಲಿಟ್ಟು ಓದುವುದು ಅವಶ್ಯಕ. ಗೆದ್ದಲಿಗೂ ಮಳೆಗೂ ಆ ಪುಸ್ತಕಗಳು ಹಾಳಾಗುವ ಮುನ್ನ ಅವನ್ನು ಕೂಡಿಹಾಕುವುದು ಜಿಲ್ಲೆಯ ವಿದ್ವಜ್ಜನರಿಗೆ ತಕ್ಕ ಕೆಲಸ. ಪತ್ರಿಕೆಯು 'ಮಹಿಳೆಯರಿಗೆ' ಎಂದು ಬರೆದ ದಿನ ಆ ಪುಸ್ತಕದಲ್ಲಿ ಒಬ್ಬಳ ಹೆಸರೂ, ಅವಳು ಮಾಡಿದ ಕೆಲಸವೂ, ಅದಕ್ಕೆ ಸಂದ ಕೂಲಿಯೂ ಪ್ರಥಮಾ ವಿಭಕ್ತಿಯಲ್ಲಿ ದಾಖಲಾಗಿರುತ್ತವೆ.